ಕಡಲಿಲ್ಲದ ಸೀಮೆಯ ನೌಕಾಶಾಸ್ತ್ರ: ಕಪಿಲಾ ತೀರದ ಹಡಗು ವಿದ್ಯಾರ್ಥಿಯ ಉತ್ಪತ್ತಿ, ಸ್ಥಿತಿ, ಲಯ ವಿಚಾರ

ಯಾವುದೇ ಶಾಸ್ತ್ರಗ್ರಂಥಕ್ಕೆ ಮೊದಲು ಪ್ರತಿಜ್ಞೆ ಬೇಕು. ನಮ್ಮ ಪ್ರತಿಜ್ಞೆ ಇದು: ಹಡಗಿನ ವಿನ್ಯಾಸ ಕಲಿಯಲು ಭೂಮಂಡಲದಲ್ಲೇ ಪ್ರಶಸ್ತವಾದ ಸ್ಥಳ ನಂಜನಗೂಡಿನಿಂದ ತಿ. ನರಸೀಪುರದವರೆಗಿನ ಕಪಿಲಾ ತೀರ. ಇಲ್ಲಿ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರೇ ಈ ವಿದ್ಯೆಗೆ ಉತ್ತಮಾಧಿಕಾರಿಗಳು. ಆದಕಾರಣ ಇಲ್ಲೊಂದು ನೌಕಾ ವಿಶ್ವವಿದ್ಯಾಲಯ ತಡಮಾಡದೆ ಸ್ಥಾಪನೆಯಾಗಬೇಕು. ಹೇತು ಏನೆಂದರೆ, ಇಲ್ಲಿ ಕಡಲಿಲ್ಲ. ಕಡಲಿರುವ ಊರಿನಲ್ಲಿ ಹಡಗು ದಿನಾ ಕಣ್ಣಿಗೆ ಬೀಳುತ್ತದೆ. ದಿನಾ ಕಣ್ಣಿಗೆ ಬೀಳುವುದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಲ್ಪೆಯ ಹುಡುಗ ದೋಣಿ ಕಂಡರೆ ಬಂಗುಡೆಯ ದರ ಕೇಳುತ್ತಾನೆ. ನರಸೀಪುರದ ಹುಡುಗ ಅದೇ ದೋಣಿಯನ್ನು ಯೂಟ್ಯೂಬಿನಲ್ಲಿ ಕಂಡು, ಇದೇಕೆ ಮಗುಚಿಕೊಳ್ಳುವುದಿಲ್ಲ ಎಂದು ಕೇಳುತ್ತಾನೆ. ಮೊದಲನೆಯದು ವ್ಯಾಪಾರ, ಎರಡನೆಯದು ಶಾಸ್ತ್ರ.

ಉದಾಹರಣೆಗಳಿಗೆ ಬರಗಾಲವಿಲ್ಲ. 1727ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಹಡಗಿನ ಹಾಯಿಕಂಬಗಳನ್ನು ಹೇಗೆ ನಿಲ್ಲಿಸಿದರೆ ಉತ್ತಮ ಎಂಬ ಪ್ರಶ್ನೆಗೆ ಬಹುಮಾನ ಇಟ್ಟಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಓದಿದ್ದ, ವಯಸ್ಸು ಇಪ್ಪತ್ತರ ಆಸುಪಾಸಿನ ಲಿಯೊನ್ಹಾರ್ಡ್ ಆಯ್ಲರ್ ಎಂಬ ಹುಡುಗ ಉತ್ತರ ಬರೆದು ಕಳಿಸಿದ. ಆ ದೇಶಕ್ಕೆ ಕಡಲಿಲ್ಲ. ಬಾಸೆಲ್ಲಿಗೆ ಇರುವುದು ರೈನ್ ನದಿಯೊಂದೇ, ನರಸೀಪುರಕ್ಕೆ ಕಾವೇರಿ ಇದ್ದ ಹಾಗೆ. ತನ್ನ ಸಿದ್ಧಾಂತ ಯಂತ್ರಶಾಸ್ತ್ರದ ಅಚಲ ತತ್ತ್ವಗಳಿಂದ ಹುಟ್ಟಿದ್ದರಿಂದ ಪ್ರಯೋಗ ಮಾಡಿ ನೋಡುವ ಅಗತ್ಯವೇ ಇಲ್ಲ ಎಂಬ ಅರ್ಥದ ಮಾತಿನಿಂದ ಅವನು ಪ್ರಬಂಧ ಮುಗಿಸಿದ. ನಮ್ಮಲ್ಲಿ ಪ್ರಯೋಗ ಮಾಡದೆಯೇ ಲ್ಯಾಬ್ ರೆಕಾರ್ಡ್ ತುಂಬಿಸುವ ಸಂಪ್ರದಾಯಕ್ಕೆ ಇದಕ್ಕಿಂತ ಮಾನ್ಯವಾದ ಪೂರ್ವಪ್ರಮಾಣ ಸಿಗುವುದಿಲ್ಲ. ಬಹುಮಾನ ಮಾತ್ರ ಪಿಯರ್ ಬುಗೇ ಎಂಬವನಿಗೆ ಹೋಯಿತು. ಆಯ್ಲರ್‌ಗೆ ಎರಡನೇ ಸ್ಥಾನ. ಈ ಬುಗೇ ಕಡಲತೀರದವನಲ್ಲವೇ ಎಂದು ವಾದಿಗಳು ಎದ್ದು ನಿಲ್ಲಬಹುದು. ತಾಳಿ. 1735ರಲ್ಲಿ ಅವನು ಭೂಮಿಯ ಆಕಾರ ಅಳೆಯುವ ತಂಡದೊಂದಿಗೆ ದಕ್ಷಿಣ ಅಮೆರಿಕಕ್ಕೆ ಹೋಗಿ, ವರ್ಷಗಟ್ಟಲೆ ಆಂಡಿಸ್ ಪರ್ವತಗಳಲ್ಲಿ ಚಳಿ ಕಾಯುತ್ತ ಹಡಗಿನ ಗ್ರಂಥ ಬರೆದ. 1746ರಲ್ಲಿ ಅಚ್ಚಾದ ಆ ಗ್ರಂಥದಲ್ಲೇ ನೌಕಾಶಾಸ್ತ್ರದ ಬೀಜಾಕ್ಷರವಾದ ಮೆಟಾಸೆಂಟರ್ ಇದೆ. ವಾಲಿದ ಹಡಗನ್ನು ನೀರು ಮೇಲಕ್ಕೆ ಒತ್ತುವ ಗೆರೆ ಹಡಗಿನ ನಡುಗೆರೆಯನ್ನು ಮುಟ್ಟುವ ಬಿಂದು ಅದು. ಅದು ಭಾರಕೇಂದ್ರಕ್ಕಿಂತ ಮೇಲಿದ್ದರೆ ಹಡಗು ಮತ್ತೆ ನೆಟ್ಟಗಾಗುತ್ತದೆ, ಕೆಳಗಿದ್ದರೆ ತಳ ಮೇಲಾಗುತ್ತದೆ. ಇನ್ನು, ನಂಜನಗೂಡಿನ ಕಪಿಲೆಗೆ ದಳವಾಯಿ ದೇವರಾಜಯ್ಯ ಕಟ್ಟಿಸಿದನೆಂದು ಹೇಳುವ ಕಲ್ಲುಸೇತುವೆಯ ವರ್ಷವೂ ಅದೇ 1735. ಇದನ್ನು ಕಾಕತಾಳೀಯ ಎನ್ನುವವರಿಗೆ ಪಿಎಚ್.ಡಿ. ಮಾರ್ಗದರ್ಶಕರಾಗುವ ಯೋಗ್ಯತೆ ಇಲ್ಲ.

ಪರದೇಶದ ಪ್ರಮಾಣ ಬೇಡವೆಂದರೆ ಸ್ವದೇಶದ್ದೂ ಇದೆ. ಹಡಗು ಕಟ್ಟುವ ವಿಧಿಗಳುಳ್ಳ ಸಂಸ್ಕೃತದ ‘ಯುಕ್ತಿಕಲ್ಪತರು’ ಭೋಜರಾಜನ ಹೆಸರಿನಲ್ಲಿದೆ. ಭೋಜನ ಧಾರಾನಗರಿ ಇರುವುದು ಮಾಳವದ ನಡುಮಧ್ಯದಲ್ಲಿ. ಕಡಲಿನ ತಳದಲ್ಲಿ ಅಯಸ್ಕಾಂತದ ಬಂಡೆಗಳಿರುವುದರಿಂದ ಹಲಗೆಗಳನ್ನು ಕಬ್ಬಿಣದಿಂದ ಬಿಗಿಯಬಾರದೆಂದು ಆ ಗ್ರಂಥ ಎಚ್ಚರಿಸುತ್ತದೆ. ಕಡಲಿನಿಂದ ಇಷ್ಟು ದೂರ ಕುಳಿತವನಿಗಲ್ಲದೆ ಅದರ ತಳ ಇಷ್ಟು ಸ್ಪಷ್ಟವಾಗಿ ಯಾರಿಗೆ ಕಂಡೀತು? 1796ರ ಸುಮಾರಿಗೆ ನಲವತ್ತರಷ್ಟು ಯುದ್ಧನೌಕೆಗಳನ್ನು ಮಂಗಳೂರು, ಮಿರ್ಜಾನಿನ ಕಡೆ ಕಟ್ಟಬೇಕೆಂದು ಟಿಪ್ಪು ಆಜ್ಞೆ ಹೊರಡಿಸಿದ್ದು ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣದಿಂದ. ಅಲ್ಲಿ ತೇಲುತ್ತಿದ್ದುದು ಹರಿಗೋಲು. ಸ್ವತಂತ್ರ ಭಾರತ 1952ರಲ್ಲಿ ನೇವಲ್ ಆರ್ಕಿಟೆಕ್ಚರ್ ವಿಭಾಗ ತೆರೆದದ್ದು ಮುಂಬಯಿಯಲ್ಲೂ ಅಲ್ಲ, ಕೊಚ್ಚಿಯಲ್ಲೂ ಅಲ್ಲ, ಉದ್ದನೆಯ ರೈಲ್ವೆ ಪ್ಲಾಟ್‌ಫಾರಂಗೆ ಹೆಸರಾದ ಖರಗ್‌ಪುರದ ಐಐಟಿಯಲ್ಲಿ. ಹೀಗೆ ವ್ಯಾಪ್ತಿ ಸಿದ್ಧವಾಯಿತು: ಎಲ್ಲೆಲ್ಲಿ ಕಡಲಿಲ್ಲವೋ ಅಲ್ಲಲ್ಲಿ ನೌಕಾಶಾಸ್ತ್ರವಿದೆ.

ಈ ವ್ಯಾಪ್ತಿಯನ್ನು ನಮ್ಮ ಸೀಮೆಗೆ ಅನ್ವಯಿಸೋಣ. ನರಸೀಪುರದ ಕಾವೇರಿ ಕಪಿಲಾ ಸಂಗಮದಲ್ಲಿ ಭಕ್ತರನ್ನು ದಾಟಿಸುವ ಹರಿಗೋಲಿಗೆ ಬಿದಿರಿನ ಹೆಣಿಗೆ. ಅದರ ಹೊರಮೈಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಇರುವುದು ಒಂದು ಹುಟ್ಟು ಮಾತ್ರ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಈ ಬುಟ್ಟಿದೋಣಿ ಹದಿನೈದು ಇಪ್ಪತ್ತು ಜನರನ್ನೂ, ಬೇಕಾದರೆ ಕುದುರೆ, ಎತ್ತುಗಳನ್ನೂ ಹೊರುತ್ತದೆ ಎಂದೂ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಇರುತ್ತದೆ ಎಂದೂ ಬರೆದಿಟ್ಟಿದ್ದಾನೆ. ಅವನು ದೋಷವೆಂದುಕೊಂಡದ್ದು ಗುಣ. ದುಂಡನೆಯ ದೋಣಿಯಲ್ಲಿ ಮುಳುಗಿದ ಭಾಗದ ಕೇಂದ್ರದಿಂದ ಮೆಟಾಸೆಂಟರ್ ಎಷ್ಟು ಮೇಲಿದೆ ಎಂಬುದಕ್ಕೆ ಸುಲಭ ಸೂತ್ರವಿದೆ: ವ್ಯಾಸದ ವರ್ಗವನ್ನು, ದೋಣಿ ಮುಳುಗಿರುವ ಆಳದ ಹದಿನಾರು ಪಟ್ಟಿನಿಂದ ಭಾಗಿಸಬೇಕು. ಎರಡೂವರೆ ಮೀಟರ್ ಅಗಲದ ಹರಿಗೋಲು 20 ಸೆಂಟಿಮೀಟರ್ ಮುಳುಗಿದ್ದರೆ ಉತ್ತರ ಎರಡು ಮೀಟರಿಗೆ ತುಸು ಕಡಮೆ. ಮೊಣಕಾಲೆತ್ತರದ ದೋಣಿಗೆ ಆಳೆತ್ತರದ ಭದ್ರತೆ! ಸೂತ್ರದಲ್ಲಿ ಹದಿನಾರು ಎಲ್ಲಿಂದ ಬಂತು? ಗಣಿತದವರು ವೃತ್ತದ ಜಡತ್ವ ಎನ್ನುತ್ತಾರೆ. ನಾವು ನಂಜನಗೂಡಿನ ಹೊಳೆದಂಡೆಗೆ ಹೋಗಿ ಹದಿನಾರು ಕಾಲಿನ ಮಂಟಪವನ್ನು ತೋರಿಸುತ್ತೇವೆ.

ಆ ಮಂಟಪ ಬರೀ ಮಂಟಪವಲ್ಲ. ಮಳೆಗಾಲದಲ್ಲಿ ವಯನಾಡಿನ ಕಡೆ ಮಳೆ ಹಿಡಿದು ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಮಂಟಪದ ಕಂಬ ಎಷ್ಟು ಮುಳುಗಿದೆ ಎಂದು ನೋಡಿಯೇ ಊರಿನವರು ಪ್ರವಾಹ ಅಳೆಯುತ್ತಾರೆ. ಹಡಗಿನ ಪಕ್ಕೆಯಲ್ಲಿ ಬರೆದ ಗುರುತು ನೋಡಿ ಕ್ಯಾಪ್ಟನ್ ಮಾಡುವ ಕೆಲಸವೂ ಇದೇ. ಅಲ್ಲಿ ಗುರುತು ಇಳಿಯುತ್ತದೆ, ಇಲ್ಲಿ ಹೊಳೆ ಏರುತ್ತದೆ. ಮಿತಿಮೀರಿ ಸರಕು ತುಂಬಿದ ಹಡಗುಗಳು ಮುಳುಗಿ ನಾವಿಕರು ಸಾಯುತ್ತಿದ್ದುದನ್ನು ಕಂಡು ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ್ದರಿಂದ 1876ರಲ್ಲಿ ಬ್ರಿಟನ್ ಹಡಗುಗಳ ಪಕ್ಕೆಗೆ ಭಾರದ ಗೆರೆ ಕಡ್ಡಾಯ ಮಾಡಿತು. ಈಗ ಸರಕು ಹಡಗುಗಳ ಮೇಲಿರುವ ಹಲವು ಗೆರೆಗಳ ಪೈಕಿ ಎಲ್ಲಕ್ಕಿಂತ ಮೇಲಿನದಕ್ಕೆ ‘ಟಿ.ಎಫ್.’ ಎಂದು ಬರೆದಿರುತ್ತದೆ, ಅಂದರೆ ಉಷ್ಣವಲಯದ ಸಿಹಿನೀರಿನ ಗೆರೆ. ಕಪಿಲೆ ಉಷ್ಣವಲಯದ್ದು, ಸಿಹಿನೀರಿನದು. ಎಂದಮೇಲೆ ಜಗತ್ತಿನ ಅಷ್ಟೂ ಸರಕು ಹಡಗುಗಳು ನಂಜನಗೂಡಿಗೆ ಬರುವ ಆಸೆಯನ್ನು ಪಕ್ಕೆಯ ಮೇಲೆ ಬರೆದುಕೊಂಡು ಓಡಾಡುತ್ತಿವೆ. ನಾವೇ ಇನ್ನೂ ಬಾಗಿಲು ತೆರೆದಿಲ್ಲ.

ಈಗ ಶೀರ್ಷಿಕೆಯ ಋಣ ತೀರಿಸಬೇಕು. ಹಡಗು ವಿದ್ಯಾರ್ಥಿಯ ಉತ್ಪತ್ತಿ ಸಾಮಾನ್ಯವಾಗಿ ಪಿಯುಸಿಯ ಭೌತಶಾಸ್ತ್ರದ ಹೊತ್ತಿನಲ್ಲಿ, ಆರ್ಕಿಮಿಡೀಸನ ದೆಸೆಯಿಂದ. ಲಕ್ಷಣಗಳು: ಬಕೆಟಿನಲ್ಲಿ ಚೊಂಬು ತೇಲಿಸುವುದು, ಜಾತ್ರೆಯಲ್ಲಿ ಎಲ್ಲರೂ ದೊಡ್ಡ ತೇರಿಗೆ ಕೈ ಮುಗಿಯುವಾಗ ಅದರ ಭಾರಕೇಂದ್ರ ಎಲ್ಲಿದೆ ಎಂದು ಕತ್ತೆತ್ತಿ ನೋಡುವುದು, ತೆಪ್ಪೋತ್ಸವದಲ್ಲಿ ದೇವರಿಗಿಂತ ತೆಪ್ಪವನ್ನು ಹೆಚ್ಚು ಹೊತ್ತು ದಿಟ್ಟಿಸುವುದು. ಸ್ಥಿತಿ ಹಾಸ್ಟೆಲಿನಲ್ಲಿ. ಭೋಜನ ಗ್ರಂಥ ಸಾಮಾನ್ಯ ನೌಕೆಗಳನ್ನು ಕ್ಷುದ್ರಾ, ಮಧ್ಯಮಾ, ಭೀಮಾ, ಚಪಲಾ, ಭಯಾ, ಗರ್ಭರಾ, ಮಂಥರಾ ಮೊದಲಾದ ಹತ್ತು ಬಗೆಯಾಗಿ ವಿಂಗಡಿಸುತ್ತದೆ. ಹಾಸ್ಟೆಲ್ ವಾಸಿಗಳಿಗೆ ಇದು ಹೊಲಿಸಿದಂತೆ ಹೊಂದುತ್ತದೆ: ಮೊದಲ ಸೆಮಿಸ್ಟರಿನವರು ಚಪಲಾ, ಇಂಟರ್ನಲ್ಸ್ ಹಿಂದಿನ ರಾತ್ರಿ ಎಲ್ಲರೂ ಭಯಾ, ಭಾನುವಾರದ ಊಟದ ನಂತರ ಗರ್ಭರಾ, ಬ್ಯಾಕ್‌ಲಾಗ್ ಹೊತ್ತು ಸಾಗುವ ಕೊನೆಯ ವರ್ಷದವರು ಮಂಥರಾ. ಭೀಮಾ, ಭಯಾ, ಗರ್ಭರಾಗಳನ್ನು ಗ್ರಂಥಕಾರ ಅಶುಭವೆಂದು ತಳ್ಳಿದ್ದನ್ನು ಮೆಸ್ ಸಮಿತಿ ಗಮನಿಸಬೇಕು. ಮೆಸ್ಸಿನಲ್ಲೇ ಒಂದು ಗಹನ ತತ್ತ್ವವೂ ಇದೆ. ಹಡಗಿನ ಟ್ಯಾಂಕು ಅರ್ಧ ತುಂಬಿದ್ದರೆ ಒಳಗಿನ ದ್ರವ ವಾಲಿದ ಕಡೆಗೇ ಹರಿದು ಹಡಗನ್ನು ಇನ್ನಷ್ಟು ವಾಲಿಸುತ್ತದೆ. ಅದಕ್ಕೇ ಟ್ಯಾಂಕಿನೊಳಗೆ ತಡೆಗೋಡೆಗಳನ್ನು ಹಾಕುತ್ತಾರೆ. ಹಾಸ್ಟೆಲ್ ಸಾಂಬಾರಿನಲ್ಲಿ ಈ ತಡೆಗೋಡೆಯ ಕೆಲಸವನ್ನು ಬದನೆಕಾಯಿ ಹೋಳುಗಳು ಮಾಡಬೇಕಿತ್ತು. ಅವುಗಳ ಸಂಖ್ಯೆ ಶಾಸ್ತ್ರ ಹೇಳುವುದಕ್ಕಿಂತ ಬಹಳ ಕಡಮೆ ಇರುವುದರಿಂದ, ನೌಕಾ ವಿದ್ಯಾರ್ಥಿಗೆ ಅಸ್ಥಿರತೆಯ ಪಾಠ ದಿನಕ್ಕೆರಡು ಬಾರಿ ಪುಕ್ಕಟೆಯಾಗಿ ದೊರೆಯುತ್ತದೆ.

ಇನ್ನು ಪೂರ್ವಪಕ್ಷ. ಮೊದಲ ಆಕ್ಷೇಪ: ಕಡಲಮಟ್ಟದಿಂದ ಆರುನೂರು ಮೀಟರಿಗೂ ಮೇಲೆ ಕಟ್ಟಿದ ಹಡಗನ್ನು ಕಡಲಿಗೆ ಇಳಿಸುವುದು ಹೇಗೆ, ನಡುವೆ ಶಿವನಸಮುದ್ರದ ಜಲಪಾತ ಬೇರೆ ಇದೆಯಲ್ಲ? ಸಮಾಧಾನ: ಪನಾಮಾ ಕಾಲುವೆ ಹಡಗುಗಳನ್ನು 26 ಮೀಟರ್ ಏರಿಸಿ ಇಳಿಸುತ್ತದೆ. ಅಂಥ ಇಪ್ಪತ್ತನಾಲ್ಕು ಪನಾಮಾಗಳನ್ನು ಸಾಲಾಗಿ ಜೋಡಿಸಿದರೆ ಕೆಲಸ ಮುಗಿಯಿತು. ಟೆಂಡರ್ ಕರೆಯುವುದಷ್ಟೇ ಬಾಕಿ. ಆಳ ಸಾಲದೆಂಬ ಚಿಂತೆಯೂ ಬೇಡ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂದು ಅಲಮೇಲಮ್ಮ ಇಟ್ಟ ಶಾಪದ ಪ್ರಕಾರ ನರಸೀಪುರ ತಾಲ್ಲೂಕಿನ ಮಾಲಂಗಿ ಮಡುವಾಗಿದೆ, ಹೂಳೆಲ್ಲ ತಲಕಾಡಿಗೆ ಹೋಗಿದೆ. ಬಂದರು ಇಲಾಖೆಗಳು ಕೋಟ್ಯಂತರ ಸುರಿದು ಮಾಡಿಸುವ ಕೆಲಸ ಇಲ್ಲಿ ಒಂದೇ ಶಾಪದಲ್ಲಿ ಆಗಿದೆ. ಇದಕ್ಕಿಂತ ಮಿಗಿಲಾಗಿ, ಕಾವೇರಿ ವಿವಾದಕ್ಕೂ ಇಲ್ಲೇ ಮದ್ದಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಹರಿಯಬೇಕು. ತೇಲುವ ಹಡಗು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. 1999ರಲ್ಲಿ ನೌಕಾಪಡೆ ಸೇರಿದ, ಗಂಡಭೇರುಂಡ ಲಾಂಛನದ ಐಎನ್ಎಸ್ ಮೈಸೂರು ಸುಮಾರು 6,700 ಟನ್ನಿನ ಹಡಗು. ಅಂಥ 4,200 ಹಡಗುಗಳು ಒಂದು ಟಿಎಂಸಿ ನೀರಿಗೆ ಸಮ. ನೀರಿನ ಬದಲು ವರ್ಷಕ್ಕೆ ಏಳೂವರೆ ಲಕ್ಷ ಹಡಗುಗಳನ್ನು ಬಿಳಿಗುಂಡ್ಲು ದಾಟಿಸಿದರೆ ತೀರ್ಪಿಗೂ ಗೌರವ, ಭತ್ತಕ್ಕೂ ನೀರು. ಇದನ್ನು ತಮಿಳುನಾಡು ಒಪ್ಪುತ್ತದೆಯೇ ಎಂಬುದು ನೌಕಾಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೇ ಆಕ್ಷೇಪ ಮನೆಯವರದು. ಆರ್ಕಿಟೆಕ್ಟ್ ಎಂದಮೇಲೆ ಮನೆ ಪ್ಲಾನು ಹಾಕಿಕೊಡುತ್ತಾನೋ ಇಲ್ಲವೋ, ಹಡಗಿನವನೆಂದರೆ ಆರು ತಿಂಗಳು ಊರಲ್ಲಿರುವುದಿಲ್ಲವಂತೆ, ಹೆಣ್ಣು ಯಾರು ಕೊಡುತ್ತಾರೆ, ಕಂಪ್ಯೂಟರ್ ಸೈನ್ಸ್ ಸೀಟಿಗೇನಾಗಿತ್ತು? ಒಂದೊಂದಾಗಿ ಉತ್ತರಿಸೋಣ. ಹಡಗು ಓಡಿಸುವವನು ಬೇರೆ, ವಿನ್ಯಾಸ ಮಾಡುವವನು ಬೇರೆ, ಎರಡನೆಯವನು ಎ.ಸಿ. ಕೋಣೆಯಲ್ಲಿ ಕುಳಿತು ಗೆರೆ ಎಳೆಯುತ್ತಾನೆ, ಸಂಜೆ ಮನೆಗೆ ಬರುತ್ತಾನೆ. ವಾಸ್ತು ನೋಡುವವರಿಗೆ ಹರಿಗೋಲಿಗಿಂತ ಶ್ರೇಷ್ಠ ವಾಸ್ತು ಇಲ್ಲ, ಏಕೆಂದರೆ ಒಂದು ಸುತ್ತಿನಲ್ಲಿ ಅದು ಎಂಟೂ ದಿಕ್ಕಿಗೆ ಮುಖ ಮಾಡಿರುತ್ತದೆ. ಕೆಲಸದ ಮಾತಂತೂ ಬೇಡವೇ ಬೇಡ. ಸಿವಿಲ್ ಓದಿದವರು ಸೇತುವೆ ಕಟ್ಟುತ್ತಿಲ್ಲ, ಮೆಕ್ಯಾನಿಕಲ್ ಓದಿದವರು ಯಂತ್ರ ಮುಟ್ಟುತ್ತಿಲ್ಲ. ಎಲ್ಲರೂ ಕೊನೆಗೆ ಸಾಫ್ಟ್‌ವೇರ್ ಕಂಪನಿಯ ತರಬೇತಿ ಕೇಂದ್ರ ಸೇರಿ ಜಾವಾ ಕಲಿಯುತ್ತಾರೆ. ನಾಲ್ಕು ವರ್ಷ ಹಡಗು ಓದಿ ಅದೇ ಜಾವಾ ಕಲಿತರೆ ನಷ್ಟವೇನು? ಶಾಸ್ತ್ರ ಇದನ್ನೇ ಲಯ ಎಂದು ಕರೆಯುತ್ತದೆ.

ಕೊನೆಯ ಆಕ್ಷೇಪ ಬೊಕ್ಕಸದ್ದು. ಹೊಸ ವಿಶ್ವವಿದ್ಯಾಲಯಗಳನ್ನು ಸಾಕಲಾಗದೆ 2025ರಲ್ಲಿ ಒಂಬತ್ತನ್ನು ಮುಚ್ಚುವ ಮಾತು ಸರ್ಕಾರದ ಮಟ್ಟದಲ್ಲೇ ಬಂದಿರುವಾಗ ಹತ್ತನೆಯದೇಕೆ? ಏಕೆಂದರೆ ತೇಲುವುದು ಹೇಗೆ ಎಂಬುದನ್ನು ಪಠ್ಯವಾಗಿಯೇ ಕಲಿಸುವ ವಿಶ್ವವಿದ್ಯಾಲಯ ಇದೊಂದೇ. ಹಳೆಯ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದು ಸೆಮಿಸ್ಟರಿನ ಪುನಶ್ಚೇತನ ಶಿಬಿರ ನಡೆಸಿದರೂ ಹಾಕಿದ ಹಣ ಹಿಂದಿರುಗುತ್ತದೆ.

ನಿಗಮನ ಹೀಗಿದೆ. ಹಡಗಿನ ಹುಚ್ಚಿಗೆ ಕಡಲು ಕಾರಣವೂ ಅಲ್ಲ, ಕಡಲಿಲ್ಲದಿರುವುದು ಅಡ್ಡಿಯೂ ಅಲ್ಲ. ಬೇಕಾದದ್ದು ಒಂದಿಷ್ಟು ಗಣಿತ, ಒಂದು ಬಕೆಟ್ ನೀರು ಮತ್ತು ಮಗುಚುವುದೇಕೆ ಎಂದು ಕೇಳುವ ಬುದ್ಧಿ. ಆಯ್ಲರ್ ಬಳಿ ಇದ್ದದ್ದೂ ಹೆಚ್ಚುಕಡಮೆ ಇಷ್ಟೇ. ನಮ್ಮ ವಿಶ್ವವಿದ್ಯಾಲಯಕ್ಕೆ ಶಂಕುಸ್ಥಾಪನೆ ಆಗುವವರೆಗೆ ಈ ಸೀಮೆಯ ಹುಡುಗ ಹುಡುಗಿಯರು ಖರಗ್‌ಪುರ, ಚೆನ್ನೈ, ಕೊಚ್ಚಿ, ವಿಶಾಖಪಟ್ಟಣಗಳಿಗೆ ಅರ್ಜಿ ಹಾಕಲಿ. ನಾಲ್ಕೂ ಕಡೆ ಈ ವಿದ್ಯೆ ಕಲಿಸುತ್ತಾರೆ. ಅಪ್ಪ ಅಮ್ಮಂದಿರಲ್ಲಿ ಒಂದೇ ವಿನಂತಿ: ರಜೆಗೆ ಬಂದ ಮಗಳ ಕೈಗೆ ಮನೆ ಪ್ಲಾನು ಕೊಟ್ಟು ಕೂರಿಸಬೇಡಿ.