ಪಂಚಗುಂಡಿ ಮೀಮಾಂಸೆ ಅಥವಾ ಕಾರಿನ ಬಾಗಿಲಲ್ಲಿ ಛಂದಸ್ಸಿನ ಪಾತ್ರ

ಯಾವುದೇ ಶಾಸ್ತ್ರವಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆ. ಅದರಂತೆ ಹೇಳುವುದಾದರೆ, ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ ಕೀಯನ್ನು ಕಾರಿನೊಳಗೇ ಬಿಟ್ಟು ಬಾಗಿಲು ಹಾಕಿಕೊಂಡವನು. ವಿಷಯ, ಆ ಬಾಗಿಲ ಮೇಲಿರುವ ಐದು ಗುಂಡಿಗಳು. ಸಂಬಂಧ, ಅವನಿಗೂ ಕಾರಿಗೂ ಸದ್ಯಕ್ಕೆ ಕೆಟ್ಟಿದೆ. ಪ್ರಯೋಜನ, ಹೆಂಡತಿ ಅಂಗಡಿಯಿಂದ ಹೊರಗೆ ಬರುವುದರೊಳಗೆ ಏನೂ ಆಗಿಲ್ಲವೆಂಬಂತೆ ಸ್ಟಿಯರಿಂಗ್ ಮುಂದೆ ಕೂತಿರುವುದು.

ಪ್ರಬಂಧದಲ್ಲಿ ಇತಿಹಾಸದ ಅಧ್ಯಾಯ ಇರುವುದೇ ಪುಟ ತುಂಬಿಸುವುದಕ್ಕೆ ಎಂಬ ಅಪವಾದವಿದೆ. ಆದ್ದರಿಂದ ಅದನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಫೋರ್ಡ್ ಕಂಪನಿ 1980ರ ಮಾದರಿಯ ಥಂಡರ್‌ಬರ್ಡ್, ಮರ್ಕ್ಯುರಿ ಕೂಗರ್, ಲಿಂಕನ್ ಕಾರುಗಳಲ್ಲಿ ಚಾಲಕನ ಬಾಗಿಲಿಗೆ ಒಂದು ಗುಂಡಿಪಟ್ಟಿ ಕೂರಿಸಿತು. ಕೈಯಲ್ಲಿ ಕೀ ಇಲ್ಲದಿದ್ದರೂ ಐದಂಕಿಯ ಕೋಡ್ ಒತ್ತಿ ಒಳಗೆ ಹೋಗಬಹುದು. ಆಮೇಲೆ ಎಷ್ಟೋ ಮಾದರಿಗಳಿಗೆ ಅದು ಹಬ್ಬಿತು. ಕಂಪನಿಯ ತವರು ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್. ಸುತ್ತಲಿನ ಊರುಗಳಲ್ಲಿ ಕನ್ನಡದ ಸಂಸಾರಗಳು ಬೇಕಾದಷ್ಟಿವೆ. ಆ ಪ್ರಾಂತದ ಕನ್ನಡ ಕೂಟಕ್ಕೆ ಪಂಪನ ಹೆಸರೇ ಇದೆ. ಆದಿಕವಿಯ ಹೆಸರಿಟ್ಟುಕೊಂಡವರ ಪಾರ್ಕಿಂಗ್ ಜಾಗದಲ್ಲಿ ಇವತ್ತಲ್ಲ ನಾಳೆ ಛಂದಸ್ಸಿನ ಪ್ರಶ್ನೆ ಏಳಲೇಬೇಕಿತ್ತು.

ಈಗ ಮೂಲಪಾಠಕ್ಕೆ ಬರೋಣ. ಪಟ್ಟಿಯಲ್ಲಿ ಕಾಣುವುದು ಐದೇ ಗುಂಡಿ. ಮೊದಲನೆಯದರ ಮೇಲೆ 1·2, ಎರಡನೆಯದರ ಮೇಲೆ 3·4, ಆಮೇಲೆ 5·6, 7·8, ಕೊನೆಗೆ 9·0. ಇಲ್ಲಿ ಪೂರ್ವಪಕ್ಷದವರು ಹೇಳುವುದೇನೆಂದರೆ, ಅಂಕಿ ಹತ್ತು, ಸ್ಥಾನ ಐದು, ಆದ್ದರಿಂದ ಒಂದು ಲಕ್ಷ ಕೋಡ್. ಕಳ್ಳ ಎಲ್ಲವನ್ನೂ ಒತ್ತಿ ನೋಡುವುದರೊಳಗೆ ನಿವೃತ್ತನಾಗುತ್ತಾನೆ. ಈ ವಾದ ಕೇಳುವುದಕ್ಕೆ ಸೊಗಸಾಗಿದೆ, ನಿಲ್ಲುವುದಿಲ್ಲ. ಒಂದು ಎಂದು ಒತ್ತಿದರೂ ಎರಡು ಎಂದು ಒತ್ತಿದರೂ ಬೆರಳು ತಗಲುವುದು ಒಂದೇ ಗುಂಡಿಗೆ. ಗುಂಡಿಯ ಕೆಳಗಿನ ತಂತಿಗೆ ಈ ಭೇದ ಗೊತ್ತಿಲ್ಲ. ಅದು ಪಕ್ಕಾ ಅದ್ವೈತಿ. ಭೇದವೆಲ್ಲ ಮೇಲೆ ಅಚ್ಚಾದ ನಾಮರೂಪಗಳಲ್ಲಿದೆ. ಆದ್ದರಿಂದ ನಿಜವಾದ ಕೋಡ್‌ಗಳು ಐದರ ಐದನೆಯ ಘಾತ, ಅಂದರೆ 3125. ಉಳಿದ 96,875 ಕೋಡ್‌ಗಳು ಬರೀ ಮಾಯೆ. ಆದರೂ ಈ ಮಾಯೆಯಿಂದ ಮಾಲೀಕನಿಗೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತೆಂಬುದನ್ನು ಸಿದ್ಧಾಂತಿಗಳೂ ಒಪ್ಪಬೇಕು.

ಕೋಡ್ ಮರೆತವನು ಅದನ್ನು ಎಲ್ಲಿ ಹುಡುಕಬೇಕು? ಆಕರಗಳು ಮೂರು. ಕಾರು ಕೊಳ್ಳುವಾಗ ಕೊಟ್ಟ ಪುಟ್ಟ ಕಾರ್ಡು. ಕಾರಿನೊಳಗೇ ಎಲ್ಲೋ ಅಂಟಿಸಿದ ಚೀಟಿ. ಇವೆರಡೂ ಸಿಗದಿದ್ದರೆ ಡೀಲರ್. ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಲಿ ಎಂದು ಕೊಟ್ಟಿರುತ್ತಾರೆ. ಜನ ಭದ್ರವಾಗಿರಲೆಂದು ಅದನ್ನು ಕಾರಿನ ಗ್ಲೋವ್ ಬಾಕ್ಸಿನಲ್ಲಿ ಇಡುತ್ತಾರೆ. ಚೀಟಿ ಕೆಲವು ಸೆಡಾನ್‌ಗಳಲ್ಲಿ ಡಿಕ್ಕಿಯ ಮುಚ್ಚಳದ ಒಳಬದಿಗಿರುತ್ತದೆ. ಹೀಗಾಗಿ ಬಾಗಿಲು ತೆರೆಯಲು ಕೋಡ್ ಬೇಕು, ಕೋಡ್ ನೋಡಲು ಬಾಗಿಲು ತೆರೆದಿರಬೇಕು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷ ಎಂದು ಹೆಸರು. ನೈಯಾಯಿಕರು ಈ ದೋಷಕ್ಕೆ ಉದಾಹರಣೆ ಹುಡುಕುತ್ತ ಶತಮಾನಗಳನ್ನು ಕಳೆದರು. ಡೆಟ್ರಾಯಿಟ್‌ನವರು ಅದನ್ನು ಉಕ್ಕಿನಲ್ಲಿ ಎರಕ ಹೊಯ್ದು, ಕಂತಿನ ಮೇಲೆ ಮಾರಿದರು.

ಪ್ರಬಂಧಕ್ಕೆ ಕ್ಷೇತ್ರಕಾರ್ಯವೂ ಬೇಕಲ್ಲ. ಸ್ಥಳ, ಮಿಷಿಗನ್ನಿನ ಒಂದು ದಿನಸಿ ಅಂಗಡಿಯ ಎದುರು. ಆಕರ ವ್ಯಕ್ತಿಗಳು, ಸೆಕೆಂಡ್ ಹ್ಯಾಂಡ್ ಮರ್ಕ್ಯುರಿ ಸೆಡಾನಿನ ಒಡೆಯನಾದ ಅಳಿಯ ಮತ್ತು ಮಂಡ್ಯದ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು, ನಿವೃತ್ತರಾಗಿ, ಆರು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಬಂದಿದ್ದ ಮಾವ. ಕೀ ಒಳಗೆ ಡ್ರೈವರ್ ಸೀಟಿನ ಮೇಲೆ ಎಲ್ಲರಿಗೂ ಕಾಣುವಂತೆ ಮಲಗಿತ್ತು.

"ಕೋಡ್ ನೆನಪಾಗ್ತಿಲ್ಲ ಮಾವ. ಎಲ್ಲ ಕೋಡೂ ಒಂದೊಂದಾಗಿ ಒತ್ತಿ ನೋಡೋದಾದ್ರೆ ಹದಿನೈದು ಸಾವಿರ ಸಲ ಗುಂಡಿ ಒತ್ತಬೇಕಾಗುತ್ತೆ."

"ಅಷ್ಟೆಲ್ಲ ಯಾಕ್ರೀ ಒತ್ತುತೀರಿ? ಯಮಾತಾರಾಜಭಾನಸಲಗಂ ಓದಿಲ್ವೇ ನೀವು?"

"ಎಸ್ಸೆಸ್ಸೆಲ್ಸಿಲಿ ಓದಿದ್ದೆ ಮಾವ. ಎರಡು ಮಾರ್ಕ್ಸಿಗೆ ಬರ್ತಿತ್ತು."

"ಮೂರು ಮಾರ್ಕ್ಸು. ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ ಅಂತ."

ಮಾವನವರ ಮಾತು ಹುಡುಗಾಟದ್ದಲ್ಲ. ಆ ಸೂತ್ರದಲ್ಲಿ ಇರುವುದು ಹತ್ತೇ ಅಕ್ಷರ. ಮೊದಲಿನಿಂದ ಮೂರು ಮೂರಾಗಿ ತೆಗೆದುಕೊಂಡು, ಪ್ರತಿ ಸಲ ಒಂದೊಂದೇ ಅಕ್ಷರ ಮುಂದಕ್ಕೆ ಸರಿದರೆ, ಯಮಾತಾ ಯಗಣ, ಮಾತಾರಾ ಮಗಣ, ತಾರಾಜ ತಗಣ, ಹೀಗೆ ಸಲಗಂ ಎನ್ನುವ ಸಗಣದವರೆಗೆ ಎಂಟು ಗಣಗಳೂ ಒಂದೂ ಬಿಡದೆ, ಒಂದೂ ಎರಡನೆಯ ಸಲ ಬಾರದೆ ಮುಗಿದುಹೋಗುತ್ತವೆ. ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರ ಬೇಕಾಗಿತ್ತು. ಗಣಿತದವರು ಇಂಥ ಸರಪಣಿಯನ್ನು ಡಚ್ ಗಣಿತಜ್ಞ ನಿಕೋಲಾಸ್ ಡಿ ಬ್ರೂಯಿನ್ ಹೆಸರಿನಿಂದ ಕರೆಯುತ್ತಾರೆ. ಅವನು ಆ ಬಗ್ಗೆ ಪ್ರಬಂಧ ಬರೆದದ್ದು 1946ರಲ್ಲಿ. ಲಘು-ಗುರು ಎಂಬ ಎರಡರ ಜಾಗದಲ್ಲಿ ಐದು ಗುಂಡಿ, ಮೂರಕ್ಷರದ ಗಣದ ಜಾಗದಲ್ಲಿ ಐದೊತ್ತಿನ ಕೋಡ್ ಇಟ್ಟುಕೊಂಡರೆ ಲೆಕ್ಕ ಹಾಗೇ ನಡೆಯುತ್ತದೆ. ಹಳೆಯ ಗುಂಡಿಪಟ್ಟಿ ನೀವು ಎಲ್ಲಿಂದ ಶುರುಮಾಡಿದಿರಿ ಎಂದು ಕೇಳುತ್ತಿರಲಿಲ್ಲ. ಕೊನೆಯ ಐದು ಒತ್ತು ಸರಿಯಿದ್ದರೆ ಅದಕ್ಕೆ ಸಾಕು. ಆದ್ದರಿಂದ 15,625 ಒತ್ತುಗಳ ಕೆಲಸ 3129 ಒತ್ತುಗಳಲ್ಲಿ ಆಗಿಹೋಗುತ್ತದೆ. ಸೆಕೆಂಡಿಗೊಂದು ಒತ್ತಿದರೆ ಅದು ನಾಲ್ಕು ಗಂಟೆ ಇಪ್ಪತ್ತು ನಿಮಿಷ, ಇದು ಐವತ್ತೆರಡೇ ನಿಮಿಷ. ಛಂದಸ್ಸಿನಿಂದ ಲೋಕಕ್ಕೇನು ಉಪಯೋಗ ಎಂದು ಕೇಳುವ ವಿಜ್ಞಾನದ ಮೇಷ್ಟರುಗಳು ಈ ಸಾಲನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಬೇಕು.

ಮಾವ ಡೈರಿ ತೆಗೆದು, ಬಾನೆಟ್ಟಿನ ಮೇಲೆ ಇಟ್ಟುಕೊಂಡು ಪಂಚಾಕ್ಷರ ಪ್ರಸ್ತಾರ ಹಾಕತೊಡಗಿದರು. ಅಳಿಯ ಕೈಗವಸು ಕಳಚಿ ಒತ್ತತೊಡಗಿದ. ಏಳು ತಪ್ಪು ಕೋಡ್, ಅಂದರೆ ಸತತ ಮೂವತ್ತೈದು ಒತ್ತು ಆಗುತ್ತಿದ್ದಂತೆ ದೀಪ ಮಿಣುಕಿ ಗುಂಡಿಗಳು ಒಂದು ನಿಮಿಷ ಮೌನವ್ರತ ಹಿಡಿದವು. ಹೊಸ ಕಾಲದ ಪಟ್ಟಿಗಳಿಗೆ ಈ ವಿದ್ಯೆ ಕಲಿಸಿದ್ದಾರೆ. ಪ್ರತಿ ಮೂವತ್ತೈದಕ್ಕೂ ಹೀಗೆ ಒಂದೊಂದು ನಿಮಿಷ ಕಾಯಬೇಕೆಂದರೆ, ಕಾಯುವುದಕ್ಕೇ ಒಂದೂವರೆ ಗಂಟೆ ಹೋಗುತ್ತದೆ. ಮಾವ ಇದನ್ನು ಯತಿ ಎಂದು ಗುರುತಿಸಿ ಡೈರಿಯಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಮಗಳು ಅಂಗಡಿಯಿಂದ ಬಂದು, ಕೈಚೀಲದಿಂದ ತನ್ನ ರಿಮೋಟ್ ತೆಗೆದು ಒತ್ತಿದಳು. ಬಾಗಿಲು ತೆರೆದುಕೊಂಡಿತು. ಸಂಶೋಧನೆಯ ಪರಿಭಾಷೆಯಲ್ಲಿ ಇದು ಬಾಹ್ಯ ಹಸ್ತಕ್ಷೇಪ. ಆದ್ದರಿಂದ ಆ ದಿನದ ದತ್ತಾಂಶವನ್ನು ಕೈಬಿಡಲಾಗಿದೆ.

ಶಾಸನತಜ್ಞರಿಗೂ ಇಲ್ಲಿ ಕೆಲಸವಿದೆ. ಶಾಸನದಲ್ಲಿ ಸವೆದ ಅಕ್ಷರ ಓದಲಾಗದು. ಗುಂಡಿಪಟ್ಟಿಯಲ್ಲಿ ಸವೆದ ಅಕ್ಷರವೇ ಎಲ್ಲವನ್ನೂ ಹೇಳುತ್ತದೆ. ವರ್ಷಗಟ್ಟಲೆ ಒಂದೇ ಕೋಡ್ ಒತ್ತಿದ ಪಟ್ಟಿಯಲ್ಲಿ ಮೂರು ಗುಂಡಿಗಳ ಅಂಕಿ ಅಳಿಸಿ, ಇನ್ನೆರಡರದ್ದು ಹೊಸದರಂತೆ ಹೊಳೆಯುತ್ತಿದ್ದರೆ, ಆ ಮೂರನ್ನೂ ಬಳಸಿ ಕಟ್ಟಬಹುದಾದ ಕೋಡ್‌ಗಳು 150 ಮಾತ್ರ. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನೆಂಬ ಕಳ್ಳ ಗೋಡೆಗೆ ಕನ್ನ ಕೊರೆಯುವ ಮುಂಚೆ ಅದರ ಆಕಾರವನ್ನು ಶಾಸ್ತ್ರೋಕ್ತವಾಗಿ ವಿಮರ್ಶಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ಅವನು ಇಂದು ಇದ್ದಿದ್ದರೆ ಮೊದಲು ಗುಂಡಿಯ ಸವಕಲನ್ನೇ ನೋಡುತ್ತಿದ್ದ. ಹಾಗೆಂದು ರಿಮೋಟಿನವರು ಬೀಗಬೇಕಾಗಿಲ್ಲ. ಪ್ರತಿ ಸಲವೂ ಸಂಕೇತ ಬದಲಾಗುವ ರಿಮೋಟನ್ನೂ ಏಮಾರಿಸುವ ಸಾಧನವೊಂದನ್ನು ಸ್ಯಾಮಿ ಕಾಮ್ಕರ್ ಎಂಬ ಅಮೆರಿಕದ ತಜ್ಞ 2015ರಲ್ಲಿ ಬಹಿರಂಗವಾಗಿಯೇ ತೋರಿಸಿದ. ಅದಕ್ಕೆ ತಗಲಿದ ಖರ್ಚು ಸುಮಾರು 30 ಡಾಲರ್.

ಫ್ಯಾಕ್ಟರಿಯ ಕೋಡ್ ಶ್ರುತಿ. ಅದು ಅಪೌರುಷೇಯ, ಮಾಲೀಕ ಅದನ್ನು ಅಳಿಸುವಂತಿಲ್ಲ. ಅದರ ಜೊತೆಗೆ ಒಂದು ಸ್ವಂತ ಕೋಡ್ ಇಟ್ಟುಕೊಳ್ಳಬಹುದು, ಅದು ಸ್ಮೃತಿ. ಫ್ಯಾಕ್ಟರಿ ಕೋಡ್ ಒತ್ತಿ, ಐದು ಸೆಕೆಂಡಿನೊಳಗೆ 1·2 ಒತ್ತಿ, ತಡಮಾಡದೆ ಹೊಸ ಐದಂಕಿ ಕೊಟ್ಟರಾಯಿತು. ಸರಿಯಾದ ಕೋಡ್ ಆದ ಮೇಲೆ ಐದು ಸೆಕೆಂಡಿನೊಳಗೆ 3·4 ಒತ್ತಿದರೆ ಎಲ್ಲ ಬಾಗಿಲು, 5·6 ಒತ್ತಿದರೆ ಡಿಕ್ಕಿ. ಬೀಗ ಹಾಕಲು 7·8 ಮತ್ತು 9·0 ಒಟ್ಟಿಗೆ. ಇದಕ್ಕೆ ಕೋಡೂ ಬೇಡ. ಒಂದೇ ಅಂಕಿಯನ್ನು ಐದು ಸಲ ಇಡಬೇಡಿ, ಸಾಲಾಗಿ ಬರುವ ಅಂಕಿ ಇಡಬೇಡಿ ಎಂದು ಕೈಪಿಡಿಯಲ್ಲಿ ನಿಷೇಧವಾಕ್ಯವಿದೆ. ನಮ್ಮ ಅಳಿಯ ಅದನ್ನು ಶ್ರದ್ಧೆಯಿಂದ ಓದಿ, ಕಳ್ಳನಿಗೆ ಸುಳಿವು ಸಿಗದಿರಲೆಂದು 12121 ಎಂದು ಇಟ್ಟಿದ್ದ. ಮೇಲೆ ಹೇಳಿದ ಅದ್ವೈತ ಪ್ರಕರಣವನ್ನು ಓದಿದವರಿಗೆ ಇದರ ಭಾಷ್ಯ ಬೇಕಾಗಿಲ್ಲ.

ಇನ್ನು ಉತ್ತರಕಾಂಡ, ರಿಮೋಟ್. ಅದು ಕೆಲಸ ಮಾಡದಿದ್ದಾಗ ಪಂಡಿತರಲ್ಲಿ ಮತಭೇದಗಳು ಏಳುತ್ತವೆ. ಮೊದಲು ಬ್ಯಾಟರಿ ಬದಲಿಸಿ ನೋಡಿ. ಹೆಚ್ಚಾಗಿ ಇರುವುದು ಸಿಆರ್2032, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಮುಕ್ಕಾಲು ಪಾಲು ಮೀಮಾಂಸೆ ಇಲ್ಲಿಗೇ ಮುಗಿಯುತ್ತದೆ. ಮಾವ ಮಾತ್ರ ಒಪ್ಪದೆ, "ಹೊಸ ರಿಮೋಟನ್ನೇ ಜೆ.ಸಿ. ರಸ್ತೇಲಿ ಹೇಳಿ ತರಿಸ್ತೀನಿ ಬಿಡಿ, ಇಲ್ಲಿಯ ಕಾಲು ಭಾಗಕ್ಕೆ ಸಿಗುತ್ತೆ" ಎಂದರು. ಬೆಂಗಳೂರಿನ ಆ ರಸ್ತೆಯಲ್ಲಿ ಕಾರಿಗೆ ಸಂಬಂಧಪಟ್ಟದ್ದು ಸಿಗದೆ ಇರುವುದುಂಟೇ? ಆದರೆ ನಮ್ಮಲ್ಲಿಯ ರಿಮೋಟ್‌ಗಳು ಸಾಮಾನ್ಯವಾಗಿ ಮಾತಾಡುವುದು 433.92 ಮೆಗಾಹರ್ಟ್ಸ್‌ನಲ್ಲಿ, ಅಳಿಯನ ಕಾರಿನ ಕಿವಿ ಇರುವುದು 315ರಲ್ಲಿ. ಕರೆದರೂ ಕೇಳಿಸುವುದಿಲ್ಲ.

ಅಲ್ಲಿಯದೇ ಹೊಸ ರಿಮೋಟ್ ತಂದ ಮೇಲೆ ಅದನ್ನು ಕಾರಿಗೆ ಪರಿಚಯಿಸುವ ವಿಧಿ ಬರುತ್ತದೆ. ಅಳಿಯನ ಕಾರಿನ ಕಾಲದ ಫೋರ್ಡ್, ಮರ್ಕ್ಯುರಿ ಕಾರುಗಳಲ್ಲಿ ಎಷ್ಟೋ ಮಾದರಿಗಳಿಗೆ ಇದು ಹೀಗಿದೆ. ಬಾಗಿಲೆಲ್ಲ ಹಾಕಿ, ಕೀಯನ್ನು ಆಫ್‌ನಿಂದ ರನ್‌ಗೆ ಎಂಟು ಸಲ ತಿರುಗಿಸಬೇಕು. ಎಲ್ಲ ಹತ್ತು ಸೆಕೆಂಡಿನೊಳಗೆ. ಎಂಟನೆಯದು ರನ್‌ನಲ್ಲೇ ನಿಲ್ಲಬೇಕು. ಎಂಜಿನ್ ಶುರುವಾಗಕೂಡದು. ಅಳಿಯ ಒಮ್ಮೆ ಏಳಕ್ಕೆ ನಿಲ್ಲಿಸಿದ, ಒಮ್ಮೆ ಒಂಬತ್ತಕ್ಕೆ ಹೋದ, ಒಮ್ಮೆ ಎಣಿಸುವ ಗಡಿಬಿಡಿಯಲ್ಲಿ ಎಂಜಿನ್ನನ್ನೇ ಎಬ್ಬಿಸಿದ. ಸಂಗೀತ ಕಲಿತ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ತೊಡೆಯ ಮೇಲೆ ಆದಿತಾಳ ಹಾಕಿದಳು: ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು, ಹುಸಿ, ಪೆಟ್ಟು, ಹುಸಿ. ಎಂಟನೆಯ ಹುಸಿಗೆ ಸರಿಯಾಗಿ ಕೀ ರನ್‌ನಲ್ಲಿ ನಿಂತಿತು, ನಾಲ್ಕೂ ಬಾಗಿಲುಗಳ ಬೀಗ ಟಕ್ಕನೆ ಬಿದ್ದು ಟಕ್ಕನೆ ಎದ್ದವು. ಕಾರು ತಲೆದೂಗಿತು ಎಂದೇ ಅದರ ಅರ್ಥ. ಆಮೇಲೆ ಹೊಸ ರಿಮೋಟಿನ ಯಾವುದಾದರೂ ಗುಂಡಿ ಒತ್ತಿದರೆ ಮತ್ತೊಮ್ಮೆ ಟಕಟಕ. ಎಚ್ಚರವಿರಬೇಕಾದದ್ದು ಇಲ್ಲಿ: ಹೊಸದನ್ನು ಸೇರಿಸುವಾಗ ಹಳೆಯ ರಿಮೋಟ್‌ಗಳನ್ನೂ ಅದೇ ಕೂಡಿಕೆಯಲ್ಲಿ ಒತ್ತಬೇಕು. ಹಾಜರಿಲ್ಲದ್ದನ್ನು ಕಾರು ಮರೆತುಬಿಡುತ್ತದೆ. ಒಟ್ಟು ನಾಲ್ಕಕ್ಕೆ ಜಾಗ.

ರಿಮೋಟ್ ಬಾಗಿಲಿಗಷ್ಟೇ, ಎಂಜಿನ್ ಏಳಬೇಕಾದರೆ ಕೀಯ ತಲೆಯೊಳಗಿನ ಚಿಪ್‌ನ ಗುರುತು ಸಿಗಬೇಕು. ಮೂರನೆಯ ಕೀಯನ್ನು ನಾವೇ ಸೇರಿಸಬಹುದು, ಆದರೆ ಈಗಾಗಲೇ ಗುರುತಿರುವ ಎರಡು ಕೀ ಕೈಯಲ್ಲಿರಬೇಕು. ಮೊದಲನೆಯದನ್ನು ಹಾಕಿ ಮೂರು ಸೆಕೆಂಡಿಗೆ ಕಡಿಮೆಯಿಲ್ಲದೆ, ಹತ್ತಕ್ಕೆ ಮೀರದೆ ಆನ್ ಮಾಡಿ ತೆಗೆಯುವುದು, ತಕ್ಷಣ ಎರಡನೆಯದು, ಕೂಡಲೇ ಹೊಸದು. ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳು ಬಂದು ರುಜು ಹಾಕಿದ ಹಾಗೆಯೇ. ಒಂದು ಕೀ ಕಳೆದುಹೋಗಿ ಒಂದೇ ಉಳಿದಿದ್ದರೆ ಸಾಕ್ಷಿ ಸಾಲದು; ಡೀಲರೋ ಕೀ ಮಾಡುವವನೋ ಕಂಪ್ಯೂಟರ್ ಜೋಡಿಸಿಯೇ ಮಾಡಬೇಕು, ಅವನು ಹೇಳಿದ್ದೇ ದರ.

ಆದ್ದರಿಂದ ಈ ಶಾಸ್ತ್ರದ ಅಧಿಕಾರಿಗಳಲ್ಲಿ ವಿನಂತಿ: ಎರಡು ಕೀ ಇರುವಾಗಲೇ ಮೂರನೆಯದನ್ನು ಮಾಡಿಸಿಕೊಳ್ಳಿ. ಇವತ್ತೇ ಕಾರ್ಡಿನಲ್ಲಿರುವ ಐದಂಕಿಯನ್ನು ಬರೆದು ಪರ್ಸಿನಲ್ಲಿ ಇಡಿ. ಗ್ಲೋವ್ ಬಾಕ್ಸಿನಲ್ಲಿ ಬೇಡ.