ಕೌದಿ ಅಕ್ಕೋರು

ಧಾರವಾಡದ ಮದುವೆ ಮನೆಯಲ್ಲಿ ಕೌದಿ ಅಕ್ಕೋರನ್ನು ಗುರುತಿಸುವುದು ಸುಲಭ. ಉಳಿದ ಹೆಂಗಸರು ಎದುರಿಗೆ ಕೂತವರ ಸೀರೆಯ ಬೆಲೆ ಅಂದಾಜು ಮಾಡುತ್ತಿದ್ದರೆ ಇವರು ಅದರ ಆಯುಷ್ಯ ಅಂದಾಜು ಮಾಡುತ್ತಿರುತ್ತಾರೆ. ಹೊಸ ಇಳಕಲ್ ಸೀರೆ ಉಟ್ಟು ಬಂದ ಯಾರದೋ ಸೊಸೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಹತ್ತಿ ಛಲೋ ಐತಿ. ಇನ್ನೊಂದು ಹದಿನೈದು ವರ್ಷ ಉಟ್ಟರ ಕೌದಿಗೆ ಹದಾ ಆಗತೈತಿ. ಆಗ ನನ್ನ ಕಡೆ ತರವಾ" ಎನ್ನುತ್ತಾರೆ. ಹುಡುಗಿ ಇದನ್ನು ಆಶೀರ್ವಾದವೆಂದೇ ತಿಳಿದು ಕಾಲಿಗೆ ಬೀಳುತ್ತಾಳೆ. ಬಗ್ಗಿದಾಗ ದಡಿಯೂ ಸರಿಯಾಗಿ ಕಾಣುತ್ತದೆ.

ಕನ್ನಡ ಸಾಲಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಮಗ್ಗಿ ಹೇಳಿಸಿ ನಿವೃತ್ತರಾದವರು. ಬಳಪ ಬಿಟ್ಟ ಕೈ ಸುಮ್ಮನೆ ಕೂರಲಿಲ್ಲ, ಸೂಜಿ ಹಿಡಿಯಿತು. ಈಗ ಮಧ್ಯಾಹ್ನದ ಊಟವಾದ ಮೇಲೆ ಅವರ ಪಡಸಾಲೆಯಲ್ಲಿ ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುವ ತರಗತಿ. ಬ್ಯಾಂಕಿನಿಂದ ನಿವೃತ್ತಿಯಾದವರು, ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಖಾಲಿ ಕೂತವರು, ಡಾಕ್ಟರು ಕೈಗೆ ಏನಾದರೂ ಕೆಲಸ ಕೊಡಿ ಅಂದವರು, ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂರುತ್ತಾರೆ. ಫೀ ಇಲ್ಲ. ಒಂದು ಹಳೆಯ ನೂಲಿನ ಸೀರೆ ತಂದರೆ ಪ್ರವೇಶ ಸಿಕ್ಕಿತು. ಸಿಂಥೆಟಿಕ್ ಸೀರೆ ತಂದವರಿಗೆ ಬಾಗಿಲಲ್ಲೇ ಚಹಾ ಕೊಟ್ಟು ಕಳಿಸುತ್ತಾರೆ.

ಆದರೆ ಕಲಿಸುವುದು ಅವರಿಗೆ ಕರ್ತವ್ಯ. ಮುಗಿದ ಕೌದಿ ನೋಡುವುದು ಚಟ. ಯಾರದಾದರೂ ಕೌದಿ ಮುಗಿಯಿತೆಂದು ಸುದ್ದಿ ಬಂದರೆ ಅಂದು ಪಲ್ಯಕ್ಕೆ ಉಪ್ಪು ಬಿದ್ದಿರುವುದಿಲ್ಲ.

ಹೊಲಿದವಳು ಬಂದು ಬಣ್ಣದ ಮೈ ಮೇಲಾಗಿ ಹಾಸುತ್ತಾಳೆ. ಅಕ್ಕೋರು ಅತ್ತ ಕಣ್ಣೂ ಹಾಯಿಸುವುದಿಲ್ಲ. "ತಿರುವಿ ಹಾಸು. ಮಾರಿ ಎಲ್ಲಾರದೂ ಛಂದನ ಇರತೈತಿ" ಎಂದು ಚಾಳೀಸು ಏರಿಸುತ್ತಾರೆ. ಹಿಂಬದಿಯ ಹೊಲಿಗೆಯ ಸಾಲುಗಳ ಮೇಲೆ ಬೆರಳು ಓಡತೊಡಗಿದರೆ ಮನೆಯ ಗುಟ್ಟೆಲ್ಲ ಹೊರಗೆ ಬರುತ್ತದೆ.

"ಇಲ್ಲಿ ನಿನಗ ಸಿಟ್ಟು ಬಂದಿತ್ತು, ದಾರಾ ಜಗ್ಗೀದಿ. ಇಲ್ಲಿ ಧಾರಾವಾಹಿ ನೋಡಕೋತ ಹೊಲದೀದಿ, ಒಂದೊಂದು ಹೊಲಿಗಿ ಗೇಣುದ್ದ. ಇಲ್ಲಿಂದ ಮುಂದ ಹೊಲದಾಕಿ ನೀ ಅಲ್ಲ."

"ಅಕ್ಕೋರ, ಅದು... ಕೈ ನೋಯತಿತ್ರಿ, ನಮ್ಮತ್ತಿ ಸ್ವಲ್ಪ..."

"ಸ್ವಲ್ಪ ಅಲ್ಲವಾ, ಅರ್ಧ. ನಿಮ್ಮತ್ತಿನ್ನ ನಾಳಿಂದ ಕಳಸು."

ಹಿಂಬದಿಯ ವಿಚಾರಣೆ ಮುಗಿದರೆ ಮುಂಬದಿಯ ಪಂಚನಾಮೆ. ಯಾವ ತುಂಡು ಯಾರ ಮೈಮೇಲಿನದು ಎಂದು ಅವರು ಕೇಳುವುದಿಲ್ಲ, ಹೇಳುತ್ತಾರೆ. ಇಳಕಲ್ ಸೀರೆಯ ಗೋಮಿ ದಡಿ ಕಂಡರೆ ಅಜ್ಜಿ, ನೀಲಿ ಚೌಕಳಿ ಕಂಡರೆ ಮಗನ ಯೂನಿಫಾರ್ಮು, ಮಾಸಿದ ಬಿಳಿ ಕಂಡರೆ ಮಾವನ ಧೋತರ. ಗುಳೇದಗುಡ್ಡದ ಖಣದ ತುಂಡು ಮೂಲೆಯಲ್ಲಿ ಕಂಡರೆ, "ಈ ಕುಬಸಾ ಬಿಗಿ ಆಗೇತೇನು? ಬಾಣಂತನ ಆದಮ್ಯಾಲ ಎಲ್ಲಾರಿಗೂ ಆಗತೈತಿ ಬಿಡು" ಎಂಬ ಸಮಾಧಾನ. ಒಮ್ಮೆ ಒಬ್ಬಾಕೆಯ ಕೌದಿಯ ನಟ್ಟನಡುವೆ ಇಳಕಲ್ ಸೀರೆಯ ಟೋಪ ತೆನೆಯ ಕೆಂಪು ಸೆರಗು ಹರಡಿಕೊಂಡಿತ್ತು. ಅಕ್ಕೋರು ಅದನ್ನು ಸವರಿ ನಿಟ್ಟುಸಿರುಬಿಟ್ಟರು. "ಬದುಕಿರೂತನಕ ನಿಮ್ಮತ್ತಿ ಇದನ್ನ ನಿನಗ ಉಡಾಕ ಕೊಡಲಿಲ್ಲ. ಈಗ ಹಾಸ್ಕೊಂಡು ಮಲಗತೀದಿ. ಇರಲಿ, ದೇವರು ದೊಡ್ಡಾಂವ." ಇನ್ನೊಬ್ಬರು ಚುನಾವಣೆಯ ಮುಂಚೆ ಮನೆಬಾಗಿಲಿಗೆ ಬಂದ ಸೀರೆಯನ್ನು ಧಾರಾಳವಾಗಿ ಬಳಸಿದ್ದರು. ಅಕ್ಕೋರು ಉಗುರಿನಿಂದ ಕೆರೆದು ನೋಡಿ ತೀರ್ಪು ಕೊಟ್ಟರು: "ಇದನ್ನ ನಡುಕ ಹಾಕಬಾರದಾಗಿತ್ತು. ಐದು ವರ್ಷ ತಾಳೂದಿಲ್ಲ."

ಅವರಿಗೆ ತಡೆಯಲಾಗದ್ದು ಒಂದೇ, ಹೊಸ ಬಟ್ಟೆ ಕೊಂಡು ತಂದು ಕತ್ತರಿಸಿ ಹೊಲಿಯುವುದು. ಅಮೆರಿಕದಲ್ಲಿರುವ ಅಳಿಯನ ಮನೆಯಲ್ಲಿ ಮಗಳೂ ಕೌದಿ ಕಲಿಯುತ್ತಿದ್ದಾಳೆ. ಅಲ್ಲಿ ಇದಕ್ಕೆಂದೇ ಬಟ್ಟೆ ಅಂಗಡಿ, ನಡುವೆ ತುಂಬಲು ಹತ್ತಿಯ ಹಾಸು, ಕತ್ತರಿಸಲು ಚಕ್ರದ ಚಾಕು, ಹೊಲಿಯಲು ಅಡುಗೆಮನೆಯಷ್ಟು ಉದ್ದದ ಯಂತ್ರ. ಮಗಳು ವಿಡಿಯೋ ಕರೆಯಲ್ಲಿ ಎಲ್ಲ ತೋರಿಸಿದಾಗ ಅಕ್ಕೋರು ಸಮಾಧಾನದಿಂದ ಕೇಳಿದರು: "ಛಲೋ ಬಟ್ಟಿ ತಂದು, ರೊಕ್ಕಾ ಕೊಟ್ಟು ಹರದು, ಮತ್ತ ಕೂಡಿಸಿ ಹೊಲಿತೀರಿ. ಹರೀಲಿಲ್ಲಂದ್ರ ಏನಾಗತಿತ್ತು?"

ತಾಯಿಯ ಬಾಯಿ ಮುಚ್ಚಿಸಲು ಮಗಳು ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕೌದಿಗಳ ಚಿತ್ರ ಕಳಿಸಿದಳು. ಗುಲಾಮರಾಗಿ ದುಡಿದ ಕಪ್ಪು ಜನರ ವಂಶದ ಹೆಂಗಸರು ಹೊಲದಲ್ಲಿ ಸವೆದ ಪ್ಯಾಂಟು, ಅಂಗಿಗಳನ್ನೇ ಕೂಡಿಸಿ ಚಳಿಗೆಂದು ಹೊಲಿದವು ಅವು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ ಹೋದವು, 2006ರಲ್ಲಿ ಅಂಚೆಚೀಟಿಯನ್ನೂ ಹತ್ತಿದವು. ಅಕ್ಕೋರು ಫೋನನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು. "ಇದು ಖರೇ ಕೌದಿ. ಇಲ್ಲಿ ನೋಡು, ಪ್ಯಾಂಟಿನ ಮೊಣಕಾಲು. ಊರಿ ಊರಿ ಬಣ್ಣ ಹೋಗೇತಿ" ಎಂದರು. ಮಗಳು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಆಜ್ಞೆ ಹೊರಟಿತು: "ಈಗ ತಿರುವಿ ಹಿಂದಿಂದು ತೋರಸು." ಅದು ಫೋಟೋ ಎಂದು ತಿಳಿಹೇಳಿದರೆ, "ಅಷ್ಟು ದೂರ ಗ್ವಾಡಿಗೆ ಹಾಕಿದವರಿಗೆ ಹಿಂದಿಂದು ಒಂದು ಫೋಟೋ ತಗಿಯಾಕ ಏನಾಗಿತ್ತು?" ಎಂದು ಅಮೆರಿಕದ ಸಂಗ್ರಹಾಲಯಗಳ ಮೇಲೆಯೇ ಬೇಸರಪಟ್ಟರು.

ಇಂಥ ಪರೀಕ್ಷಕರನ್ನೂ ಪರೀಕ್ಷಿಸಿದವರು ಹಳಿಯಾಳದ ಕಡೆಯ ಸಿದ್ದಿ ಹೆಂಗಸರು. ಆಫ್ರಿಕಾ ಮೂಲದ ಈ ಜನ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಬಾಳಿಕೊಂಡು ಬಂದವರು. ಕವಂದಿ ಎಂದು ಕರೆಯುವ ಅವರ ಕೌದಿ ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಒಬ್ಬರು ಮಲಗುವಂಥದ್ದು, ಇಬ್ಬರು ಮಲಗುವಂಥದ್ದು ಎಂದು ಜನಗಳ ಲೆಕ್ಕದಲ್ಲಿ ಅದರ ಅಳತೆ. ಅಕ್ಕೋರು ತಮ್ಮ ಕೌದಿಯೊಂದನ್ನು ಮಾದರಿಗೆಂದು ಹೊತ್ತೊಯ್ದು ಅವರ ಮುಂದೆ ಹಾಸಿದರು. ಅಲ್ಲಿನ ಒಬ್ಬ ಅಜ್ಜಿ ಹೊಲಿಗೆ ನೋಡಿ ತಲೆದೂಗಿ, ನಾಲ್ಕೂ ಮೂಲೆ ಮುಟ್ಟಿ, "ಹೂವು ಎಲ್ಲಿ?" ಎಂದಳು. ಮೂಲೆಗಳಿಗೆ ಬಟ್ಟೆ ಮಡಚಿ ಕೂಡಿಸುವ ಮುಕ್ಕೋನದ ಹೂವಿಲ್ಲದಿದ್ದರೆ ಕವಂದಿ ಬತ್ತಲೆ ಎಂಬುದು ಅವರ ನ್ಯಾಯ. ಅಕ್ಕೋರು ಧಾರವಾಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕರ್ಚೀಪು ಹರಿದು ಹೂ ಹೊಲಿಯುತ್ತ ಬಂದರಂತೆ. ಅಂದಿನಿಂದ ಯಾರ ಕೌದಿ ಬಂದರೂ ತಪ್ಪದ ಮಾತು "ಹೂವು ಎಲ್ಲಿ?" ಆದರೆ ಅದನ್ನು ಎಲ್ಲಿ ಕಲಿತರೆಂದು ಇನ್ನೂ ಬಾಯಿಬಿಟ್ಟಿಲ್ಲ.

ಗಟ್ಟಿತನಕ್ಕೆ ಬೇರೆ ಪ್ರಶ್ನೆ: "ಒಗದ್ಯಾ?" ಹಿಂದೆ ಮಾರ್ನಾಮಿಯ ಮುಂದೆ ಮನೆಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೋಗುತ್ತಿತ್ತು. ನೀರು ಕುಡಿದ ಕೌದಿಯನ್ನು ಒಬ್ಬರೇ ಹಿಂಡಲಾಗದು. ಒಂದು ತುದಿ ಅತ್ತೆ, ಇನ್ನೊಂದು ತುದಿ ಸೊಸೆ ಹಿಡಿದು ಒಬ್ಬರು ತಿರುವಿದ್ದಕ್ಕೆ ಇನ್ನೊಬ್ಬರು ಎದುರಾಗಿ ತಿರುವಬೇಕು. "ಅದನ್ನ ಮಾತ್ರ ನಾ ಯಾರಿಗೂ ಕಲಿಸಿಲ್ಲ, ಎಲ್ಲಾರಿಗೂ ಬರತೈತಿ" ಎನ್ನುತ್ತಾರೆ ಅಕ್ಕೋರು. ವಾಷಿಂಗ್ ಮಷೀನಿಗೆ ಹಾಕಬಹುದೇ ಎಂದು ಕೇಳಿದರೆ, "ಮಷೀನು ತಾಳತೈತಿ ಅಂದ್ರ ಹಾಕು."

ಇಷ್ಟಾದರೂ 'ಛಲೋ ಆಗೇದ' ಎಂಬ ಮಾತು ಅವರ ಬಾಯಿಂದ ಬರುವುದಿಲ್ಲ. ಕೊನೆಯ ಪರೀಕ್ಷೆಯೊಂದು ಬಾಕಿ ಇರುತ್ತದೆ. ಚಾಳೀಸು ತೆಗೆದಿಟ್ಟು, ಸೆರಗು ಹೊದ್ದು, ಅದೇ ಕೌದಿಯ ಮೇಲೆ ಒಂದು ಮಗ್ಗುಲಾಗಿ ಮಲಗುತ್ತಾರೆ. ಕೌದಿ ಇರುವುದು ಮಲಗಲು, ನೋಡಲು ಅಲ್ಲ ಎಂಬುದು ಅವರ ಏಕೈಕ ಸಿದ್ಧಾಂತ. ಹೊಲಿದವಳು ಪಕ್ಕದಲ್ಲಿ ಉಸಿರು ಹಿಡಿದು ಕೂರುತ್ತಾಳೆ. ಗಂಟು ಚುಚ್ಚಿದರೆ ಅಕ್ಕೋರು ಹೊರಳಾಡುತ್ತಾರೆ, ಅದು ಫೇಲು. ಕಣ್ಣು ಮುಚ್ಚಿದರೆ ಪಾಸು. ಗೊರಕೆ ಬಂದರೆ ಫಸ್ಟ್ ಕ್ಲಾಸು. ಎದ್ದ ಮೇಲೆ ಅವರು ಹೇಳುವುದು ಮಾತ್ರ ಪ್ರತಿ ಸಲ ಒಂದೇ: "ಇನ್ನೊಂದು ಪದರು ಬೇಕಾಗಿತ್ತು."

ಹೀಗಾಗಿ ಓಣಿಯ ಕೌದಿಗಳಲ್ಲಿ ಯಾವುದು ಮೇಲು ಎಂಬ ಜಗಳ ಇನ್ನೂ ತೀರಿಲ್ಲ. "ನನ್ನ ಕೌದಿ ಮ್ಯಾಲ ಅಕ್ಕೋರು ಸಂಜಿತನಾ ಗೊರಕಿ ಹೊಡದಾರ" ಎಂದು ಬ್ಯಾಂಕಿನಾಕೆ ಬೀಗಿದರೆ, ಪಕ್ಕದ ಮನೆಯಾಕೆ ಕೈ ಝಾಡಿಸಿ ಹೇಳುತ್ತಾಳೆ: "ಅದು ಲೆಕ್ಕಕ್ಕ ಬರೂದಿಲ್ರೀ. ಅವತ್ತು ಅವರು ಮದುವಿ ಮನ್ಯಾಗ ಹೋಳಿಗಿ ಉಂಡು ಬಂದಿದ್ರು."