ನಾಲ್ಕು ತಾಲ್ಲೂಕು, ಎಂಟು ಚಕ್ರ

ಕೊಡಿಗೇನಹಳ್ಳಿಯಲ್ಲಿ ಸೈಕಲ್ ಹತ್ತಿ ಹೊರಟವನಿಗೆ ಎರಡು ಪ್ರಶ್ನೆ ಕಾದಿರುತ್ತವೆ. ಒಂದು, "ಎಲ್ಲಿಗೆ ಮೇಷ್ಟ್ರೇ?" ಎರಡು, "ಗಾಡಿಗೇನಾತು?" ಮೊದಲನೆಯದಕ್ಕೆ "ಎಲ್ಲಿಗೂ ಇಲ್ಲ, ಸುಮ್ನೆ" ಅಂದಿರೋ, ಎರಡನೆಯದು ಮರುಕದ ದನಿಯಲ್ಲಿ ಬರುತ್ತದೆ. ನನ್ನ ಸ್ಕೂಟರನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋಗಿದ್ದಾರೆಂದು ಊರು ಒಂದು ವಾರ ಮಾತಾಡಿಕೊಂಡಿತು. ಕಿರಾಣಿ ಅಂಗಡಿಯವರು ಆ ವಾರ ಬಾಕಿ ಕೇಳಲಿಲ್ಲ. ಅದೊಂದು ಲಾಭ.

ಇದಕ್ಕೆಲ್ಲ ಮೂಲ ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ. ಅವನು ಹೊಸ ಸೈಕಲ್ ಕೊಂಡು ಹಳೆಯದನ್ನು ನನಗೆ ದಾನ ಮಾಡಿದ. ಇಪ್ಪತ್ತೊಂದು ಗೇರಿನ ಸೈಕಲ್. ಮೂರು ಕೆಲಸ ಮಾಡುತ್ತವೆ, ಉಳಿದ ಹದಿನೆಂಟು ಸದ್ದು ಮಾಡುತ್ತವೆ. ಜೊತೆಗೆ ಒಂದು ಆಸೆಯನ್ನೂ ದಾನ ಮಾಡಿದ: "ಮಾಮ, ನಿಮ್ಮ ಕಡೆ ಬೆಟ್ಟಗುಡ್ಡ ಚೆನ್ನಾಗಿವೆ. ಒಂದು ಬ್ರೆವೆ ಮಾಡಿ." ಬ್ರೆವೆ ಎಂದರೆ ಫ್ರಾನ್ಸಿನವರು ಕಂಡುಹಿಡಿದ ಶಿಕ್ಷೆ. ಪ್ಯಾರಿಸ್ಸಿನ ಒಂದು ಕ್ಲಬ್ಬಿನ ನಿಯಮವನ್ನು ಲೋಕವೆಲ್ಲ ಪಾಲಿಸುತ್ತದೆ. ಇನ್ನೂರು ಕಿಲೋಮೀಟರ್ ದೂರವನ್ನು ಹದಿಮೂರೂವರೆ ಗಂಟೆಯೊಳಗೆ ತುಳಿದು ಮುಗಿಸಬೇಕು. ಪಂದ್ಯವಲ್ಲ, ಬಹುಮಾನವಿಲ್ಲ, ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ಈ ಕೊನೆಯ ಮಾತು ನನಗೆ ಹಿಡಿಸಿತು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ರ್‍ಯಾಂಕು ಕೊಟ್ಟು ಸುಸ್ತಾದವನು ನಾನು.

ಅಳಿಯ ತಾನೂ ಬರುತ್ತೇನೆಂದ. ಮೊಬೈಲಿನಲ್ಲಿ ದೂರ ನೋಡಿ, "ಮಾಮ, ನಿಮ್ಮೂರು ನನ್ನ ಮನೆಯಿಂದ ಬರೀ ನಾಲ್ಕು ಕಿಲೋಮೀಟರ್!" ಎಂದು ಉದ್ಗರಿಸಿದ. ಅವನು ನೋಡಿದ್ದು ಬೆಂಗಳೂರಿನ ಸಹಕಾರನಗರದ ಪಕ್ಕದ ಕೊಡಿಗೇಹಳ್ಳಿ. ನಮ್ಮದು ಕೊಡಿಗೇನಹಳ್ಳಿ. ನಡುವಿನ ಆ ಒಂದು ‘ನ’ ಅಕ್ಷರದ ಉದ್ದ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಕನ್ನಡ ಮೇಷ್ಟ್ರಾಗಿ ಕಾಗುಣಿತದ ಮಹತ್ವದ ಬಗ್ಗೆ ಇಷ್ಟು ವರ್ಷ ಹೇಳಿದ್ದೇನೆ. ಇಷ್ಟು ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ. ಅದು ಗೊತ್ತಾದ ಮೇಲೆ ಅಳಿಯನಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು.

ಹೀಗಾಗಿ ಉಳಿದವರು ನಾಲ್ವರು: ನಾನು, ಗಣಿತದವರು, ಪಿ.ಟಿ. ಮೇಷ್ಟ್ರು, ಮತ್ತು ಪಶು ಆಸ್ಪತ್ರೆಯ ಕಾಂಪೌಂಡರು. ದಾರಿಯನ್ನು ಗೊತ್ತುಮಾಡಿದವರು ಗಣಿತದವರು. ಕಂದಾಯದವರ ಲೆಕ್ಕದಲ್ಲಿ ನಾವು ತುಮಕೂರು ಜಿಲ್ಲೆ. ಆದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಬೇರೆಯೇ ಒಂದಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಕಾಣಿಸಿಕೊಂಡು ಮೇಷ್ಟ್ರುಗಳ ಎದೆ ಬಡಿತ ಏರಿಸಿ ಮತ್ತೆ ಒಂದು ವರ್ಷ ಮಾಯವಾಗುವ ಜಿಲ್ಲೆ. "ಆ ಜಿಲ್ಲೆಯನ್ನು ಒಂದು ಸುತ್ತು ಹಾಕೋಣ" ಎಂದರು. ಕೊಡಿಗೇನಹಳ್ಳಿ, ಮಿಡಿಗೇಶಿ, ಪಾವಗಡ, ಶಿರಾ, ಬಡವನಹಳ್ಳಿ, ಮಧುಗಿರಿ, ಕೊರಟಗೆರೆ, ವಾಪಸ್ಸು ಕೊಡಿಗೇನಹಳ್ಳಿ. ಕೂಡಿ ನೋಡಿದರೆ ಇನ್ನೂರರ ಆಸುಪಾಸು. ಫ್ರಾನ್ಸಿನವರು ನಮ್ಮನ್ನು ನೋಡಿಯೇ ನಿಯಮ ಮಾಡಿದಂತಿತ್ತು.

ಟೀ ಅಂಗಡಿಯಲ್ಲಿ ಆ ಪಟ್ಟಿ ಓದುತ್ತಿದ್ದಂತೆ ನನ್ನ ಮೀನಖಂಡ ಹಿಡಿದುಕೊಂಡಿತು. ನಮ್ಮ ಕಡೆಯ ಹೆಸರುಗಳನ್ನು ಗಮನಿಸಿ: ಮಧುಗಿರಿಯಲ್ಲಿ ಗಿರಿ ಇದೆ, ಚನ್ನರಾಯನದುರ್ಗದಲ್ಲಿ ದುರ್ಗ, ಪಾವಗಡದಲ್ಲಿ ಗಡ. ಐ.ಡಿ. ಹಳ್ಳಿ ಎಂದು ಸಾಧುವಾಗಿ ಕುಳಿತಿರುವ ಊರನ್ನು ಬಿಡಿಸಿ ಓದಿದರೆ ಇಟಕದಿಬ್ಬನಹಳ್ಳಿ, ಅಲ್ಲೂ ಒಂದು ದಿಬ್ಬ. ಶಿರಾ ಅಂದರಂತೂ ತಲೆಯೇ. ಮಧುಗಿರಿಗೆ ಹಳೆಯ ದಾಖಲೆಗಳಲ್ಲಿ ಮದ್ದಗಿರಿ ಅಂತ ಹೆಸರಿದೆ. ಅಲ್ಲಿಗೆ ತಲುಪುವ ಹೊತ್ತಿಗೆ ಮದ್ದೇ ಬೇಕಾದೀತು ಎಂದರು ಕಾಂಪೌಂಡರು. ಅವರ ಹತ್ತಿರ ಇರುವ ಮದ್ದು ಎಮ್ಮೆಯ ಅಳತೆಯದು.

ಪಿ.ಟಿ. ಮೇಷ್ಟ್ರು ಸಮಾಧಾನ ಹೇಳಿದರು. ಮಧುಗಿರಿ ಬೆಟ್ಟ 3,930 ಅಡಿ ಎತ್ತರದ ಏಕಶಿಲೆ, ನಿಜ. ಆದರೆ ಯಾವ ರಸ್ತೆಯೂ ಅದನ್ನು ಹತ್ತುವುದಿಲ್ಲ, ಬಳಸಿಕೊಂಡು ಹೋಗುತ್ತದೆ. ನಮ್ಮ ಬೆಟ್ಟಗಳ ಗುಣವೇ ಅದು. ಮಲೆನಾಡಿನ ಬೆಟ್ಟಗಳ ಹಾಗೆ ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಂತಿರುವುದಿಲ್ಲ. ಬಯಲಿನ ನಡುವೆ ಇದ್ದಕ್ಕಿದ್ದಂತೆ ಒಂದು ಬಂಡೆ ಎದ್ದು ನಿಂತಿರುತ್ತದೆ, ಯಾರೋ ಇಟ್ಟು ಮರೆತು ಹೋದಂತೆ. ಸೈಕಲ್ಲಿನವನಿಗೆ ಅದರಿಂದ ಆಗುವ ತೊಂದರೆ ಒಂದೇ. ಗಂಟೆಗಟ್ಟಲೆ ತುಳಿದರೂ ಅದು ಇದ್ದಲ್ಲೇ ಇರುತ್ತದೆ, ಅಷ್ಟೇ ಗಾತ್ರ, ಅಷ್ಟೇ ದೂರ. ಬಡ್ತಿ ಪಟ್ಟಿಯಲ್ಲಿ ನಮ್ಮ ಹೆಸರಿದ್ದ ಹಾಗೆ.

ಅಸಲಿ ಜಗಳ ಎದ್ದದ್ದು ಒಟ್ಟು ಏರಿನ ಬಗ್ಗೆ. ಅಳಿಯ ಕಳಿಸಿದ ಆಪ್‌ನಲ್ಲಿ ದಾರಿ ಹಾಕಿದರೆ ಎಷ್ಟು ಮೀಟರ್ ಹತ್ತಬೇಕು ಎಂದು ಬರುತ್ತದೆ. ಬಂದ ಅಂಕಿ ನೋಡಿ ಪಿ.ಟಿ. ಮೇಷ್ಟ್ರು ಕೆರಳಿದರು. "ಹೊರಡೋದು ಕೊಡಿಗೇನಹಳ್ಳಿ. ಬಂದು ಸೇರೋದು ಕೊಡಿಗೇನಹಳ್ಳಿ. ಊರೇನು ಮಧ್ಯಾಹ್ನದೊಳಗೆ ಮೇಲಕ್ಕೆ ಹೋಗಿರುತ್ತಾ? ಹತ್ತಿದ್ದಷ್ಟೂ ಇಳಿದೇ ಇಳೀತೀವಿ. ಒಟ್ಟು ಸೊನ್ನೆ!" ಗಣಿತದವರು, ಈ ಲೆಕ್ಕದಲ್ಲಿ ಹತ್ತಿದ್ದನ್ನು ಮಾತ್ರ ಕೂಡುತ್ತಾರೆ, ಇಳಿದದ್ದನ್ನು ಕಳೆಯುವುದಿಲ್ಲ ಎಂದರು. "ಯಾಕೆ ಕಳೆಯಲ್ಲ? ಅನ್ಯಾಯ ಅಲ್ವಾ?" "ಕಾಲಿಗೆ ಕಳೆಯೋ ಲೆಕ್ಕ ಬರಲ್ಲ ಸಾರ್." ಎರಡು ಟೀ ಆದರೂ ಮುಗಿಯಲಿಲ್ಲ. ಕೊನೆಗೆ ತೀರ್ಪು ಕೊಟ್ಟವನು ಟೀ ಅಂಗಡಿಯವನು: "ಯುಗಾದಿಗೆ ನಿಮ್ಮತ್ರ ಹತ್ತು ಸಾವಿರ ಇಸ್ಕಂಡೆ, ದೀಪಾವಳಿಗೆ ಹತ್ತು ಸಾವಿರ ಕೊಟ್ಟೆ. ಸೊನ್ನೆ. ಆದ್ರೂ ನೀವು ಬಡ್ಡಿ ಕೇಳಲ್ವಾ ಸಾ? ಏರು ಅಂದ್ರೆ ಆ ಬಡ್ಡಿ." ಪಿ.ಟಿ. ಮೇಷ್ಟ್ರು ಸುಮ್ಮನಾದರು. ಅವರು ಬಡ್ಡಿಗೆ ಬಿಟ್ಟದ್ದು ಊರಿಗೆಲ್ಲ ಗೊತ್ತು.

ಆಪ್‌ ಮೇಲೆ ನಂಬಿಕೆ ಹೋಗಿ, ದಾರಿ ಬಲ್ಲವರನ್ನು ಕೇಳೋಣ ಎಂದು ಹೊರಟೆವು. ಮಿಡಿಗೇಶಿ ಕಡೆಯವರನ್ನು ಕೇಳಿದೆವು, "ಆ ಕಡೆ ಏರು ಜಾಸ್ತಿಯಾ?" "ಏರಾ? ಏರೆಲ್ಲಿ? ರೋಡು ಬೆಣ್ಣೆ." ಪಾವಗಡಕ್ಕೆ ವಾರಕ್ಕೆರಡು ಸಲ ಹೋಗುವ ಕೋಳಿ ವ್ಯಾಪಾರಿಯನ್ನು ಕೇಳಿದರೂ ಅದೇ ಉತ್ತರ. ಗಡಿಯಾಚೆಯ ಹಿಂದೂಪುರದವನೊಬ್ಬ, "ಎಕ್ಕಡ ಸಾರ್ ಏರು?" ಎಂದು ಎರಡೂ ಭಾಷೆಗೆ ನ್ಯಾಯ ಸಲ್ಲಿಸಿ ನಕ್ಕ. ಆಗ ಹೊಳೆಯಿತು, ಈ ನಾಲ್ಕು ತಾಲ್ಲೂಕಿನಲ್ಲಿ ಏರುಗಳೆಲ್ಲಿವೆ ಎಂಬುದು ಈಗ ಯಾರಿಗೂ ಗೊತ್ತಿಲ್ಲ. ಎತ್ತಿನ ಗಾಡಿ ಹೊಡೆಯುತ್ತಿದ್ದವರಿಗೆ ಪ್ರತಿ ಉಬ್ಬು ಗೊತ್ತಿತ್ತು. ಎಲ್ಲಿ ಮೂಕಿಯ ಮೇಲೆ ಭಾರ ಹಾಕಬೇಕು, ಎಲ್ಲಿ ಇಳಿದು ನಡೆಯಬೇಕು ಅಂತ. ಮೊಪೆಡ್ಡು ಬಂದು ಅವನ್ನೆಲ್ಲ ನೆನಪಿನಿಂದ ಸಮತಟ್ಟು ಮಾಡಿಬಿಟ್ಟಿತು. ಕಣ್ಣಿಗೆ ಸಮವಾಗಿ ಕಾಣುವ ರಸ್ತೆ ಕಾಲಿಗೆ ಮಾತ್ರ ಏರು. ಅದು ತಿಳಿಯಬೇಕಾದರೆ ತುಳಿದೇ ತಿಳಿಯಬೇಕು.

ಸರಿ, ಒಂದು ತಾಲೀಮು ಆಗಲಿ ಎಂದು ಡಿಸೆಂಬರಿನ ಒಂದು ಭಾನುವಾರ ಮೈದನಹಳ್ಳಿ ಕಡೆ ಹೊರಟೆವು. ಗಣಿತದವರದು ಸರ್ಕಾರಿ ಸೈಕಲ್. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತಲ್ಲ, ಮುಂದೆ ಅವರ ಮಗನಿಗೂ ಒಂದು ಬಂತು. ಮಗ ಎಂಜಿನಿಯರಾಗಿ ಪುಣೆ ಸೇರಿದ್ದಾನೆ, ಸೈಕಲ್ ಇನ್ನೂ ಎಂಟನೇ ತರಗತಿಯಲ್ಲೇ ಇದೆ.

ಊರು ದಾಟಿ ಸ್ವಲ್ಪ ದೂರ ಹೋಗುತ್ತಲೇ ರಸ್ತೆ ಕಾಣದಾಯಿತು. ಹುರುಳಿ ಹರಡಿದ್ದರು. ಟಾರು ರಸ್ತೆಯನ್ನೇ ಕಣ ಮಾಡಿಕೊಂಡು ಬಸ್ಸು ಲಾರಿಗಳಿಂದ ತುಳಿಸಿ ಒಕ್ಕಣೆ ಮಾಡುವುದು ನಮ್ಮಲ್ಲಿ ಸುಗ್ಗಿಯ ಸಂಪ್ರದಾಯ. ಮಾಡಬಾರದು ಅಂತ ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಮಾಡುತ್ತಾರೆ. ನಾನು ಇಳಿಯಲು ಹೋದೆ. ಮರದ ನೆರಳಲ್ಲಿ ಕೂತಿದ್ದ ಹೆಂಗಸು ಕೂಗಿದಳು: "ಇಳೀಬ್ಯಾಡಿ ಸಾ, ಮ್ಯಾಲೇ ಓಗಿ!" ಹೋದೆ. ಹತ್ತು ಮಾರು ಹೋಗುವುದರಲ್ಲಿ ಒಣಗಿದ ಬಳ್ಳಿ ಹಿಂದಿನ ಹಲ್ಲುಚಕ್ರಕ್ಕೆ ಸುತ್ತಿಕೊಂಡು, ಪೆಡಲು ನಿಂತು, ನಾನು ಹುರುಳಿಯ ಮೇಲೆ ಶಯನ ಮಾಡಿದೆ. ಪೆಟ್ಟಾಗಲಿಲ್ಲ. ಹುರುಳಿ ಸೊಪ್ಪು ನಮ್ಮ ಹಾಸಿಗೆಗಿಂತ ಮೆತ್ತಗಿತ್ತು.

ಆಕೆ ಎದ್ದು ಬಂದಳು. ನನ್ನನ್ನು ಎಬ್ಬಿಸಲಿಕ್ಕೆ ಅಂದುಕೊಂಡೆ. ಸೈಕಲ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಳ್ಳಿಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು. ಹಲ್ಲು ಹಲ್ಲಿನ ನಡುವೆ ಸಿಕ್ಕ ಕಾಯಿ ಪಟಪಟ ಒಡೆದು, ಚೈನಿನ ಗ್ರೀಸು ಮೆತ್ತಿದ ಕರಿ ಕಾಳುಗಳು ಸೆರಗಿಗೆ ಬಿದ್ದವು. ಒಂದೂ ಬಿಡದೆ ಆಯ್ದು, ಅಂಗೈಯಲ್ಲಿ ಹರಡಿಕೊಂಡು ನೋಡಿ, "ಸಾರಿಗೆ ಬ್ಯಾಡ, ಬಿತ್ತನೆಗಾಯ್ತದೆ" ಎಂದು ಬೇರೆ ಗಂಟು ಕಟ್ಟಿದಳು. ಆಮೇಲೆ ನನ್ನನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ನೀವು ತೂಕವಾಗೇ ಇದೀರ. ಸೈಕಲ್ ಬಿಟ್ಬುಟ್ಟು ಒಂದೆಲ್ಡು ಸುತ್ತು ನಡೀರಿ ಸಾ, ಕಾಳು ಉದುರ್ತದೆ" ಎಂದಳು. ನಾಲ್ವರೂ ನಡೆದೆವು. ಬರುವ ವರ್ಷ ಎಲ್ಲೋ ಒಂದು ಸಾಲು ಹುರುಳಿ ನನ್ನ ಚೈನಿನಿಂದ ಮೊಳೆಯುತ್ತದೆ.

ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. 798 ಎಕರೆಯ ಹುಲ್ಲುಗಾವಲು, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಜಯಮಂಗಲಿ ನಮ್ಮ ನದಿಯ ಹೆಸರು. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಕಡೆ ಬರುವಷ್ಟರಲ್ಲಿ ಬಹುತೇಕ ವರ್ಷ ಮರಳಷ್ಟೇ ಉಳಿದಿರುತ್ತದೆ. 2022ರ ಮಳೆಯಲ್ಲಿ ಅದು ಮೈತುಂಬಿ ಬಂದಾಗ ಜನ ಟ್ರ್ಯಾಕ್ಟರ್ ಮಾಡಿಕೊಂಡು ನೋಡಲು ಬಂದಿದ್ದರು. ಕೃಷ್ಣಮೃಗ ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು ಎಂದು ಕಾಂಪೌಂಡರು ವಿವರಿಸುತ್ತಿದ್ದರು. ತಿರುಚಿದ ಕೊಂಬಿನ ಗಂಡೊಂದು ತಲೆ ಎತ್ತಿ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿತು. ಏದುಸಿರು ಕೇಳಿಸಿಕೊಂಡಿತು. ಮತ್ತೆ ಮೇಯತೊಡಗಿತು. ಮೋಟಾರ್ ಬೈಕಿಗಾದರೂ ಅದು ಎದ್ದು ಓಡುತ್ತದಂತೆ.

ಅಲ್ಲಿಂದ ಮೇಲೆ ಯೋಚನೆಗಳೆಲ್ಲ ಹೋಗದಿರಲು ಕಾರಣ ಹುಡುಕುವ ದಿಕ್ಕಿಗೆ ತಿರುಗಿದವು. ಬ್ರೆವೆಯಲ್ಲಿ ಅಲ್ಲಲ್ಲಿ ತಲುಪಿದ್ದಕ್ಕೆ ಸಾಕ್ಷಿ ಬೇಕು. ಎಟಿಎಂ ಚೀಟಿ ನಡೆಯುತ್ತದಂತೆ. ಆದರೆ ಬ್ಯಾಂಕಿನ ಸಂದೇಶ ಹೋಗುವುದು ಗಣಿತದವರ ಹೆಂಡತಿಯ ಮೊಬೈಲಿಗೆ. ಒಂದೇ ದಿನ ನಾಲ್ಕು ತಾಲ್ಲೂಕಿನಲ್ಲಿ ದುಡ್ಡು ತೆಗೆದ ಗಂಡನನ್ನು ಯಾವ ಹೆಂಡತಿ ಸೈಕಲ್ ಸವಾರ ಎಂದು ನಂಬುತ್ತಾಳೆ? ಇನ್ನು ಬಿಸಿಲು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೌರ ಫಲಕ ಹಾಸಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾರ್ಕ್ ಮಾಡಿದ್ದಾರೆ. "ಇಲ್ಲಿ ಬಿಸಿಲು ಬಿಟ್ಟರೆ ಬೇರೇನೂ ಬೆಳೆಯಲ್ಲ ಅಂತ ಸರ್ಕಾರವೇ ಒಪ್ಪಿಕೊಂಡಿರೋ ಜಾಗ. ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆ ಶುರುವಾಯ್ತು. ನಾವು ಅಲ್ಲಿಗೆ ಸೈಕಲ್ ತಗಂಡು ಹೋಗಿ ಪುಕ್ಕಟೆ ಕಾಯೋದಾ?" ಎಂದರು ಪಿ.ಟಿ. ಮೇಷ್ಟ್ರು. ಕೊನೆಗೆ "ಮುಂದಿನ ವರ್ಷ ನೋಡೋಣ" ಎಂಬಲ್ಲಿಗೆ ಬಂದು, ಎಲ್ಲರ ಮುಖದಲ್ಲೂ ಒಂದು ಕಾಂತಿ ಮೂಡಿತು.

ಆದರೆ ಸುದ್ದಿ ಅಷ್ಟರಲ್ಲಿ ಮನೆ ಮನೆ ಸೇರಿತ್ತು. ‘ಸುಮ್ಮನೆ’ ಹೋಗಿಬರುವುದನ್ನು ಅರ್ಥ ಮಾಡಿಕೊಳ್ಳಲಾಗದ ಊರು, ಹೋಗುವುದಕ್ಕೆ ತಾನೇ ಕಾರಣ ಒದಗಿಸಿಬಿಟ್ಟಿತು. ಮಿಡಿಗೇಶಿಯ ಬೀಗರಿಗೆ ಆರು ಲಗ್ನಪತ್ರಿಕೆ. ಶಿರಾದಲ್ಲಿ ಮೋಟಾರ್ ರಿವೈಂಡಿಂಗಿಗೆ ಕೊಟ್ಟದ್ದು ಆಗಿದೆಯಾ ವಿಚಾರಿಸಬೇಕು, ಆಗಿದ್ದರೆ ತರಬೇಕು (ಮೂರು ಎಚ್‌ಪಿ ಮೋಟಾರ್!). ಗೊರವನಹಳ್ಳಿ ಲಕ್ಷ್ಮಿಯ ಕುಂಕುಮ, ಕೊರಟಗೆರೆ ದಾರೀಲೇ ತಾನೇ. ಇವನ್ನೆಲ್ಲ ನಯವಾಗಿ ತಳ್ಳಿಹಾಕುತ್ತಾ ಬಂದೆವು. ಲಗ್ನಪತ್ರಿಕೆಯನ್ನು ಬಸ್ ಕಂಡಕ್ಟರ್ ಕೈಗೆ ಕೊಟ್ಟರೆ ನಮಗಿಂತ ಎರಡು ಗಂಟೆ ಮೊದಲೇ ತಲುಪಿಸುತ್ತಾನೆ ಎಂದು ಒಪ್ಪಿಸಿದೆವು.

ಆಗ ಬಂದದ್ದು ನಮ್ಮ ಬೀದಿಯ ಅಜ್ಜಿ. ಕೈಯಲ್ಲಿ ಒಂದು ಬಾಟಲಿ ಎಳ್ಳೆಣ್ಣೆ, ಬಾಟಲಿಯ ಬಾಯಿಗೆ ಬಟ್ಟೆ ಬಿಗಿದಿತ್ತು. "ಪಾವಗಡದ ಶನಿ ಮಾತ್ಮನಿಗೆ ಅರಕೆ ಇತ್ತು ಕಣಪ್ಪ. ನನ್ ಕೈಲಿ ಬಸ್ ಅತ್ತಕಾಗಲ್ಲ. ನೀವ್ ನಾಕ್ ಜನ ಸೈಕಲ್ ಮ್ಯಾಗೆ ಓಯ್ತೀರಂತೆ. ಇದನ್ನ ಒಪ್ಪಿಸ್ಬುಡಿ." ಮುಂದಿನ ವರ್ಷ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಎರಡೂ ಕೈ ಚಾಚಿ ಬಾಟಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಾಗಿತ್ತು. ಅವರಿಗೆ ಸಾಡೇಸಾತಿ ನಡೆಯುತ್ತಿರುವುದು ನನಗೆ ಗೊತ್ತಿರಲಿಲ್ಲ.

ಕೊಟ್ಟ ಮಾತನ್ನು ಯಾರಿಗೆ ಬೇಕಾದರೂ ತಪ್ಪಬಹುದು, ಆ ದೇವರಿಗೆ ತಪ್ಪುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಇಲ್ಲ. ಅದರ ಮೇಲೆ ಅಜ್ಜಿ, ಶನಿವಾರವೇ ಆಗಬೇಕು ಎಂದು ಹೇಳಿ ಹೋದಳು. ನಮಗೆ ಶನಿವಾರ ಬೆಳಗಿನ ಶಾಲೆ. ಮೂವರು ಮೇಷ್ಟ್ರುಗಳ ಮೂರು ರಜೆ ಅರ್ಜಿ ಒಂದೇ ಮೇಜಿಗೆ ಹೋಗಿವೆ. ಕಾರಣದ ಜಾಗದಲ್ಲಿ ಮೂವರೂ ‘ದೇವರ ಕಾರ್ಯ’ ಎಂದು ಬರೆದಿದ್ದೇವೆ. ನಿನ್ನೆ ಸಂಜೆ ಬಾಟಲಿಯನ್ನು ನನ್ನ ಸೈಕಲ್ಲಿನ ನೀರಿನ ಬಾಟಲಿ ಇಡುವ ಕಂಬಿಯಲ್ಲಿ ಇಟ್ಟು ನೋಡಿದೆವು. ಹೇಳಿ ಮಾಡಿಸಿದಂತೆ ಕೂತಿತು. ನೀರು ಎಲ್ಲಿಡಬೇಕು ಎಂದು ಗಣಿತದವರು ಲೆಕ್ಕ ಹಾಕುತ್ತಿದ್ದಾರೆ.